ಪಡಸಾಲಿಗೆ ಯಾವ ಬಣ್ಣ, ಅದರ ಜೋಡಿ ಏನು? ಗೊತ್ತಿದ್ದವರು ಹೇಳ್ರಿ

ಕೇಳಿದವರು (ನವನಗರ, ಬಾಗಲಕೋಟೆ)

ಪಡಸಾಲಿ 12×14 ಅಡಿ, ಎತ್ತರ 10 ಅಡಿ. ಬಾಗಲಾ 3×7. ಪಶ್ಚಿಮಕ್ಕ 4×4 ಕಿಡಕಿ, ಉತ್ತರಕ್ಕ 3×4 ಕಿಡಕಿ. ನೆಲ ಹಳೆ ಶಹಾಬಾದ್ ಫರಸಿ. ಗ್ವಾಡಿಗೆ ಹಳದಿ ಡಿಸ್ಟೆಂಪರ್ ಐತಿ, ಕೈ ಆಡಿಸಿದ್ರ ಪುಡಿ ಹತ್ತತೈತಿ. ಬಾಗಲದ ಮೂಲ್ಯಾಗಿಂದ ಮ್ಯಾಲೆ ಒಂದು ಓರೆ ಬಿರುಕು ಬಿಟ್ಟೈತಿ. ಅವ್ವನ ಹಳೆ ಇಳಕಲ್ ಸೀರಿ ಮೂರು, ಒಂದು ಕೌದಿ ಅದಾವ. ಪೆಟ್ಟಿಗ್ಯಾಗ ಮಡಚಿ ಇಡೂದಕ್ಕಿಂತ ಪಡಸಾಲ್ಯಾಗ ಕಾಣೂಹಂಗ ಮಾಡಬೇಕು. ಎಷ್ಟು ಬಣ್ಣ ತರಬೇಕು, ಯಾವುದು ತರಬೇಕು, ಎಲ್ಲಿ ಕೆಡತೈತಿ, ಹೇಳ್ರಿ.

ಪೇಂಟಿಂಗ್ ಕೆಲಸದವರು, ವಿದ್ಯಾಗಿರಿ

ಬಣ್ಣದ ಕಾರ್ಡ್ ಕೈಯಾಗ ಹಿಡಿಯೂ ಮೊದಲ ಆ ಪುಡಿ ತಗೀರಿ. ಡಿಸ್ಟೆಂಪರ್ ಮ್ಯಾಲೆ ಸೀದಾ ಎಮಲ್ಷನ್ (ನೀರಿನ್ಯಾಗ ಕಲಸೂ ಪ್ಲಾಸ್ಟಿಕ್ ಪೇಂಟ್) ಹಚ್ಚಿದ್ರ ಅದು ಪುಡಿಗೆ ಅಂಟತೈತಿ, ಗ್ವಾಡಿಗೆ ಅಲ್ಲ. ಮುಂದ ಒಂದು ಮಳಿಗಾಲ ಕಳಿಯೂದ್ರೊಳಗ ಹಪ್ಪಳದಂಗ ಎದ್ದು ಬರತೈತಿ. ಸ್ಪಂಜಿನಿಂದ ನೀರು ಹಚ್ಚಿ ಹತ್ತು ನಿಮಿಷ ನೆನಿಲಿಕ್ಕೆ ಬಿಡ್ರಿ, ಸ್ಕ್ರೇಪರ್‌ಲೆ ಕೆರೀರಿ, ಒದ್ದಿ ಅರಿವಿಲೆ ಒರೆಸ್ರಿ. ಗ್ವಾಡಿ ಒಣಗಿದ ಮ್ಯಾಲೆ ಕರೇ ಅರಿವಿಲೆ ಒರೆಸಿ ನೋಡ್ರಿ. ಅರಿವಿ ಬೆಳ್ಳಗ ಆದ್ರ ಕೆಲಸ ಇನ್ನೂ ಮುಗದಿಲ್ಲ.

ಲೆಕ್ಕ ಹಿಂಗ: ನಾಲ್ಕೂ ಗ್ವಾಡಿ ಸುತ್ತಳತಿ 52 ಅಡಿ, ಎತ್ತರ 10, ಅಂದ್ರ 520 ಚದರ ಅಡಿ. ಬಾಗಲಾ, ಕಿಡಕಿ ಸೇರಿ 49 ಕಳದ್ರ 471 ಉಳೀತೈತಿ. ಗ್ವಾಡಿ ನುಣ್ಣಗ ಮಾಡೂ ವೈಟ್ ಸಿಮೆಂಟ್ ಪುಟ್ಟಿ ಎರಡು ಕೈಗೆ (ಅಂದ್ರ ಎರಡು ಸಲ ಹಚ್ಚಾಕ) ಕಿಲೋಕ್ಕ ಸುಮಾರು 12 ಚದರ ಅಡಿ ಹಿಡೀರಿ, 40 ಕಿಲೋದ ಒಂದು ಚೀಲ ಸಾಕು. ಬಣ್ಣಕ್ಕಿಂತ ಮೊದಲ ಹಚ್ಚೂ ಪ್ರೈಮರ್ ಒಂದು ಕೈಗೆ ಲೀಟರಿಗೆ 100, ಅಂದ್ರ 5 ಲೀಟರ್. ಎಮಲ್ಷನ್ ಡಬ್ಬಿ ಮ್ಯಾಲೆ ಬರದ ಲೆಕ್ಕ ಕನ್ನಡಿಯಂಥ ಗ್ವಾಡಿಗೆ. ನಮ್ಮ ಗ್ವಾಡಿಗೆ ಎರಡು ಕೈ ಸೇರಿ ಲೀಟರಿಗೆ 65 ಹಿಡದ್ರ 7.25 ಲೀಟರ್. 4 ಲೀಟರಿನ ಎರಡು ಡಬ್ಬಿ ತಗೊಳ್ರಿ, ಉಳದದ್ದು ಮುಂದ ಕಲಿ ಬಿದ್ದಲ್ಲೆ ಹಚ್ಚಾಕ ಬರತೈತಿ. ಮಷಿನ್ಯಾಗ ಕಲಸಿದ ಬಣ್ಣ ಡಬ್ಬಿಯಿಂದ ಡಬ್ಬಿಗೆ ಎಳಿಯಷ್ಟು ಫರಕು ಇರತೈತಿ. ಎರಡೂ ಡಬ್ಬಿ ಒಂದ ಬಕೀಟಿನ್ಯಾಗ ಸುರುವಿ ಕಲಸಿ ಆಮ್ಯಾಲೆ ಶುರು ಮಾಡ್ರಿ. ಡಬ್ಬಿ ಮ್ಯಾಲಿನ ಕೋಡ್ ಚೀಟಿ ಫೋಟೋ ತಗದಿಡ್ರಿ.

ಪುಟ್ಟಿಗೆ ಕಿಲೋಕ್ಕ 350ರಿಂದ 400 ಮಿ.ಲೀ. ನೀರು. ಎರಡು ತಾಸಿನ್ಯಾಗ ಮುಗಿಯೂವಷ್ಟ ಕಲಸ್ರಿ. ಗಟ್ಟಿಯಾದ ಪುಟ್ಟಿಗೆ ಮತ್ತ ನೀರು ಹಾಕಿ ಮೆತ್ತಗ ಮಾಡಿದ್ರ ಅದು ಮುಂದ ಪುಡಿ ಆಗೂದು ಖಾತ್ರಿ. ಹಚ್ಚೂ ಮೊದಲ ಗ್ವಾಡಿಗೆ ನೀರು ಸಿಂಪಡಿಸ್ರಿ, ಇಲ್ಲಂದ್ರ ಒಣ ಪ್ಲಾಸ್ಟರ್ ಪುಟ್ಟಿಯ ನೀರು ಹೀರಿ ಸಣ್ಣ ಸಣ್ಣ ಗೆರಿ ಬೀಳತಾವ. ಎರಡನೇ ಕೈ ಒಣಗಿದ ಮ್ಯಾಲೆ 180 ನಂಬರಿನ ಪಾಲಿಶ್ ಪೇಪರ್ ತಿಕ್ಕಿ, ಧೂಳ ಒರೆಸಿ, ಪ್ರೈಮರ್.

ಏಪ್ರಿಲ್-ಮೇ ತಿಂಗಳದಾಗ ಮಾಡಿಸಿದ್ರ ಮುಂಜಾನೆ 11ರೊಳಗ ಕೆಲಸ ಮುಗೀಲಿ. ಮಧ್ಯಾಹ್ನದ ಕಾವಿನ್ಯಾಗ ರೋಲರ್ ತಿರುಗಿ ಬರೂದ್ರೊಳಗ ಹಚ್ಚಿದ್ದು ಒಣಗಿ ಪಟ್ಟಿ ಪಟ್ಟಿ ಕಾಣತೈತಿ.

ಇನ್ನೊಂದು: ಫರಸಿ ಮ್ಯಾಲೆ ಪ್ಲಾಸ್ಟಿಕ್ ಹಾಸ್ರಿ. ಶಹಾಬಾದ್ ಅಂದ್ರ ಸುಣ್ಣದ ಕಲ್ಲು. ಬಿದ್ದ ಪುಟ್ಟಿ ತಗೀಲಿಕ್ಕೆ ಕೆಲಸದವರು ಆ್ಯಸಿಡ್ ಸುರುವಿದ್ರ ಕಲ್ಲೇ ತಿಂದು ಬೆಳ್ಳನ ಕಲಿ ಉಳೀತೈತಿ, ಆಮ್ಯಾಲೆ ಏನು ಮಾಡಿದ್ರೂ ಹೋಗೂದಿಲ್ಲ.

ಸಿವಿಲ್ ಎಂಜಿನಿಯರ್, ವಿಜಯಪುರ

ಬಾಗಿಲ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ನಮ್ಮ ಎರೆ ನೆಲದ ಮನೆಗಳಲ್ಲಿ ಸಾಮಾನ್ಯ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದರ ಜೊತೆ ಪಾಯವೂ ಮಿಸುಕುತ್ತದೆ. ಪುಟ್ಟಿ ತುಂಬಿದರೆ ಮುಂದಿನ ಬೇಸಿಗೆಗೆ ಅಲ್ಲೇ ಮತ್ತೆ ಬಾಯಿ ಬಿಡುತ್ತದೆ. ಪುಟ್ಟಿ ಗಡಸು, ಹಿಗ್ಗುವುದಿಲ್ಲ. ಬಿರುಕನ್ನು ಇಂಗ್ಲಿಷಿನ ‘ವಿ’ ಆಕಾರಕ್ಕೆ ಅರ್ಧ ಇಂಚು ಅಗಲ ಕೆತ್ತಿ, ಧೂಳು ಬ್ರಷ್ ಮಾಡಿ, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ಎರಡು ಸಲ ತುಂಬಿ. ಒಮ್ಮೆಲೇ ತುಂಬಿದರೆ ಒಣಗಿ ಒಳಗೆ ಕುಸಿಯುತ್ತದೆ. ಮೇಲೆ 2 ಇಂಚಿನ ಫೈಬರ್ ಮೆಶ್ ಟೇಪ್, ಅದರ ಮೇಲೆ ಪುಟ್ಟಿ.

ಅದಕ್ಕೂ ಮುಂಚೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ, ಅಥವಾ 5 ಮಿ.ಮೀ.ಗಿಂತ ಅಗಲವಿದ್ದರೆ, ಪೇಂಟರ್ ಬೇಡ, ಸ್ಥಳಕ್ಕೆ ಬಂದು ನೋಡುವ ಎಂಜಿನಿಯರ್ ಬೇಕು.

ಶಹಾಪುರ, ಬೆಳಗಾವಿ

ಬೆಳಗಾವಿ, ಖಾನಾಪುರ ಕಡೆ ಇದ್ದವರು ಮ್ಯಾಲಿಂದು ಓದಿ ಹಂಗೇ ಶುರು ಮಾಡಬ್ಯಾಡ್ರಿ. ನಮ್ಮ ಕಡೆ ಮಳಿ ಹೆಚ್ಚು, ಗ್ವಾಡಿ ತಿಂಗಳಗಟ್ಟಲೆ ಒದ್ದಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೀನ ನಾಲ್ಕೂ ಕಡೆ ಟೇಪ್ ಹಚ್ಚಿ ಗ್ವಾಡಿಗೆ ಅಂಟಿಸಿ ಒಂದು ದಿನ ಬಿಡ್ರಿ. ಹಾಳಿಯ ಒಳಮೈಗೆ ಹನಿ ಕೂತಿದ್ರ ನೀರು ಗ್ವಾಡ್ಯಾಗಿಂದ ಬರಾಕತ್ತೈತಿ. ಹೊರಮೈಗೆ ಕೂತಿದ್ರ ಅದು ಖೋಲಿಯ ಹಬೆ, ಕಿಡಕಿ ತಗದ್ರ ಸಾಕು. ಒಳಗಿನ ನೀರಿಗೆ ಒಳಗಿಂದ ಎಷ್ಟು ದುಬಾರಿ ಬಣ್ಣ ಹಚ್ಚಿದ್ರೂ ದಂಡ. ಪೈಪು, ಮಾಳಿಗಿ, ಹೊರಗಿನ ಪ್ಲಾಸ್ಟರ್ ಮೊದಲ.

ಗ್ವಾಡಿ ಮ್ಯಾಲೆ ಬೆಳ್ಳನ ಸವಳು (ಉಪ್ಪು) ಎದ್ದಿದ್ರ ಒಣ ಬ್ರಷ್‌ಲೆ ತಗೀರಿ. ನೀರು ಹಾಕಿ ತೊಳದ್ರ ಸವಳು ಕರಗಿ ಮತ್ತ ಒಳಗ ಹೋಗಿ ಇನ್ನೊಂದು ಕಡೆ ಏಳತೈತಿ.

ಒಳಾಂಗಣ ಕೆಲಸ, ವಿಜಯಪುರ

ಈಗ ಬಣ್ಣದ ಮಾತು. ಪಶ್ಚಿಮದ ಕಿಟಕಿಯಿಂದ ಮಧ್ಯಾಹ್ನ ಮೂರರ ಮೇಲೆ ಬರುವ ಬೆಳಕು ಕೇಸರಿ. ಹಳದಿ, ಕೆನೆ, ಪೀಚ್ ಬಣ್ಣ ಆ ಹೊತ್ತಿಗೆ ಉರಿಯುತ್ತವೆ, ಸೆಕೆ ಇನ್ನಷ್ಟು ಅನಿಸುತ್ತದೆ. ಸ್ವಲ್ಪ ಬೂದು ಬೆರೆತ ತೆಳು ಹಸಿರು, ಅಥವಾ ಬೂದು ಛಾಯೆಯ ಬಿಳಿ ಹಾಕಿ. ಫರಸಿಯ ಬೂದು ಮೈಗೂ ಹೊಂದುತ್ತದೆ, ಇಳಕಲ್ ಸೆರಗಿನ ಕೆಂಪು ಅದರ ಮುಂದೆ ಎದ್ದು ಕಾಣುತ್ತದೆ. ಸೂರಿಗೆ ಅಚ್ಚ ಬಿಳಿ. ಸೀರೆ, ಕೌದಿ ಎಂಬ ಬಣ್ಣದ ಗಣಿ ಮನೆಯಲ್ಲೇ ಇರುವಾಗ ಗೋಡೆ ಅವಕ್ಕೆ ಪೈಪೋಟಿ ಕೊಡಬಾರದು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ಕಾರ್ಡಿನಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಾಢವಾಗುತ್ತದೆ. ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಎರಚುತ್ತವೆ. ಅದಕ್ಕೆ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿ ತೆಗೆದುಕೊಳ್ಳಿ. ಚಿಕ್ಕ ಸ್ಯಾಂಪಲ್ ತಂದು 2×2 ಅಡಿ ಬಿಳಿ ಹಲಗೆಗೆ ಎರಡು ಕೈ ಹಚ್ಚಿ. ಗೋಡೆಗೇ ಹಚ್ಚಿದರೆ ಸುತ್ತಲಿನ ಹಳದಿ ಕಣ್ಣು ತಪ್ಪಿಸುತ್ತದೆ. ಹಲಗೆಯನ್ನು ಪ್ರತಿ ಗೋಡೆಗೂ ಒರಗಿಸಿ ಮುಂಜಾನೆ, ನಾಲ್ಕು ಗಂಟೆಗೆ, ರಾತ್ರಿ ದೀಪದಲ್ಲಿ ನೋಡಿ.

ರಾತ್ರಿಯ ದೀಪ ಎಷ್ಟೋ ಮನೆಗಳಲ್ಲಿ ಬಣ್ಣ ಕೆಡಿಸುತ್ತದೆ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬಿನಡಿ ಹಳದಿ ಗೋಡೆ ಹಸಿರಾಗಿ, ಕೆಂಪು ಮಂಕಾಗಿ ಕಾಣುತ್ತದೆ. 4000 ಕೆಲ್ವಿನ್, ಸಿಆರ್‌ಐ (ದೀಪದಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90 ಅಂತ ಡಬ್ಬದ ಮೇಲೆ ಬರೆದದ್ದು ಕೇಳಿ ತನ್ನಿ. 168 ಚದರ ಅಡಿಗೆ ಒಟ್ಟು 4000 ಲ್ಯೂಮೆನ್ ಬೆಳಕು ಸಾಕು. 20 ವ್ಯಾಟಿನ ಎರಡು ಎಲ್‌ಇಡಿ ಬ್ಯಾಟನ್‌ಗೆ ಅಷ್ಟು ಬರುತ್ತದೆ, ಎದುರುಬದುರು ಗೋಡೆಗೆ ಹಾಕಿ.

ಟೆಕ್ಸ್ಚರ್ ಪೇಂಟ್ ಬೇಡವೇ ಬೇಡ. ನಮ್ಮ ಧೂಳು ಅದರ ಗೆರೆಗಳಲ್ಲಿ ಕೂತರೆ ಒರೆಸಲಾಗದು.

ಪೇಂಟಿಂಗ್ ಕೆಲಸದವರು, ವಿದ್ಯಾಗಿರಿ

ಟೆಕ್ಸ್ಚರ್ ಬಗ್ಗೆ ಪೂರ್ತಿ ಒಪ್ಪೂದಿಲ್ಲ. ಒಂದ ಗ್ವಾಡಿಗೆ, ಆರು ಅಡಿ ಮ್ಯಾಲೆ ಇದ್ರ ನಡೀತೈತಿ, ಜಾಡಿಸೂ ಕುಂಚ ಸಾಕು. ಆದ್ರ ಕೆಳಗಿನ ಭಾಗದ ಮಾತು ಯಾರೂ ಎತ್ತಲಿಲ್ಲ. ಜಮಖಾನ ಹಾಸಿ ಗ್ವಾಡಿಗೆ ಆನಿ ಕೂಡ್ರೂ ಮನ್ಯಾಗ ಮೂರು ಅಡಿ ಎತ್ತರಕ್ಕ ತಲಿಯ ಎಣ್ಣಿ ಕಲಿ ಸಾಲಾಗಿ ಬೀಳತಾವ. ಸಾದಾ ಮ್ಯಾಟ್ ಎಮಲ್ಷನ್ ಎಣ್ಣಿ ಕುಡೀತೈತಿ, ಒರೆಸಿದ್ರ ಮತ್ತ ಹರಡತೈತಿ. ಕೆಳಗಿನ 4 ಅಡಿ ಸ್ಯಾಟಿನ್ ಫಿನಿಶ್, ತೊಳಿಯಾಕ ಬರೂ ಎಮಲ್ಷನ್ ಹಾಕ್ರಿ. ಹಳೆ ಮನಿಗಳ ಕೆಮ್ಮಣ್ಣಿನ ಪಟ್ಟಿ ನೆನಪಿಗೆ ಬರೂವಂಥ ಮಂಕು ಕೆಂಪುಗಂದು ಹಾಕಿದ್ರ ಫರಸಿಗೂ ಒಪ್ಪತೈತಿ. ಹಂಗ ಮಾಡಿದ್ರ ಮ್ಯಾಲಿನ ಬಣ್ಣ ಒಂದ 4 ಲೀಟರಿನ ಡಬ್ಬಿ ಮತ್ತ ಒಂದು ಲೀಟರಿನ ಡಬ್ಬಿ, ಕೆಳಗಿಂದು 4 ಲೀಟರ್ ಸಾಕು.

ಗೆರಿ ನೆಟ್ಟಗ ಬರಬೇಕಂದ್ರ: ಮ್ಯಾಲಿನ ಬಣ್ಣಾನ ಗೆರಿಗಿಂತ ಎರಡು ಇಂಚು ಕೆಳಗಿನ ಮಟ ಹಚ್ಚಿ ಪೂರ್ತಿ ಒಣಗಿಸ್ರಿ. ಲೆವೆಲ್ ಟ್ಯೂಬ್ (ಮಟ್ಟ ನೋಡೂ ನೀರಿನ ನಳಿಗಿ) ಹಿಡದು ಗುರುತು ಮಾಡಿ, ಗೆರಿಯ ಮ್ಯಾಲಿನ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಉಗುರಿಲೆ ಅಂಚು ಒತ್ರಿ. ಈಗ ಟೇಪಿನ ಕೆಳ ಅಂಚಿಗೆ ಮತ್ತ ಮ್ಯಾಲಿನ ಬಣ್ಣಾನ ತೆಳ್ಳಗ ಎಳೀರಿ. ಟೇಪಿನ ಕೆಳಗ ಏನರ ಸೋರಿದ್ರ ಆ ಬಣ್ಣನ ಸೋರತೈತಿ, ಕಾಣೂದಿಲ್ಲ. ಅದು ಒಣಗಿದ ಮ್ಯಾಲೆ ಕೆಂಪುಗಂದು ಎರಡು ಕೈ. ಎರಡನೇ ಕೈ ಇನ್ನೂ ಹಸಿ ಇದ್ದಾಗ ಟೇಪ್ ಓರೆಯಾಗಿ ಎಳೀರಿ. ಒಣಗಿಸಿ ಎಳದ್ರ ಬಣ್ಣದ ಪದರ ಹರದು ಅಂಚು ಹಲ್ಲು ಹಲ್ಲು ಆಗತೈತಿ.

ಟೇಲರ್, ಗುಳೇದಗುಡ್ಡ

ಅಕ್ಕಾರ, ಸೀರಿಗೆ ಕತ್ತರಿ ಹಾಕೂ ಮೊದಲ ಎರಡು ಪರೀಕ್ಷಾ ಮಾಡ್ರಿ. ಒಂದು, ಎರಡೂ ಹೆಬ್ಬೆರಳಿಲೆ ಅರಿವಿ ಹಿಡದು ಮೆಲ್ಲಕ ಜಗ್ರಿ. ಎಳಿ ಜರಗಿ ಕಿಂಡಿ ಬಿದ್ರ ಅದು ಹೊಲಿಗಿಗೆ ಆಗೂದಿಲ್ಲ, ಕಟ್ಟು (ಫ್ರೇಮ್) ಹಾಕಿಸೂದ ಗತಿ. ಎರಡು, ಬಿಳಿ ಅರಿವಿ ತೋಯಿಸಿ ಸೆರಗಿನ ಮ್ಯಾಲೆ ಒತ್ತಿ ಹಿಡೀರಿ. ಕೆಂಪು ಹತ್ತಿದ್ರ ಅದನ್ನ ತೊಳಿಯೂ ವಸ್ತು ಮಾಡಬ್ಯಾಡ್ರಿ.

ಇಳಕಲ್ ಸೀರ್ಯಾಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ನಡುವ ಕೊಂಡಿ ಹಾಕಿ ಜೋಡಿಸಿರತಾರ. ಆ ಜೋಡಣಿ ಮ್ಯಾಲೆ ಕತ್ತರಿಸಬ್ಯಾಡ್ರಿ, ಬಿಚ್ಚಿಕೊಂತ ಹೋಗತೈತಿ. ಒಡಲಿನ ಕಡೆ ನಾಲ್ಕು ಇಂಚು ಬಿಟ್ಟು ಕತ್ತರಿಸ್ರಿ. ಟೋಪ್ ತೆನಿ ಅನ್ನೂ ಚಿತ್ತಾರದ ಸೆರಗು ಇಡಿಯಾಗಿ ಕಟ್ಟಿನ್ಯಾಗ ಛಂದ. ಫೆವಿಕಾಲ್ ಹಚ್ಚಿ ಅಂಟಿಸೂದು ಮಾತ್ರ ಬ್ಯಾಡ, ಅರಿವಿ ಬಿರುಸಾಗಿ ಹಳದಿ ಆಗತೈತಿ. ಪ್ಲೈವುಡ್ಡಿಗೆ ಬಿಳಿ ಕಾಟನ್ ಸುತ್ತಿ, ಅದಕ್ಕ ಸುತ್ತಲೂ ಕೈಹೊಲಿಗಿ ಹಾಕ್ರಿ. ಗಾಜಿಗೂ ಅರಿವಿಗೂ ನಡುವ ಒಂದು ನೂಲಿನಷ್ಟರ (ಇಂಚಿನ ಎಂಟನೇ ಒಂದು ಪಾಲು) ಸಂದಿ ಇರಲಿ, ಇಲ್ಲಂದ್ರ ಬೆವತು ಕಲಿ ಬೀಳತೈತಿ. ಹಿಂದ ಪೇಪರ್ ರದ್ದಿ ತುಂಬಬ್ಯಾಡ್ರಿ.

ಒಡಲಿನಿಂದ ಕುಶನ್ ಕವರ್: 16 ಇಂಚಿನ ಕವರಿಗೆ ಮುಂದಿನ ತುಂಡು 17×17, ಹಿಂದ 17×12ರ ಎರಡು ತುಂಡು. ನಡುವ ಒಂದರ ಮ್ಯಾಲೊಂದು ಐದು ಇಂಚು ಕೂಡತೈತಿ, ಚೈನ್ ಬೇಕಾಗೂದಿಲ್ಲ. ಮುಂದಿನ ತುಂಡಿಗೆ ಒಳಗ ಮಲ್‌ಮಲ್ ಅಸ್ತರ್ ಕೊಡ್ರಿ. ಒಳಗಿನ ದಿಂಬು 18 ಇಂಚಿಂದು ಹಾಕಿದ್ರ ಮೂಲಿ ತುಂಬಿ ನಿಲ್ಲತಾವ. ಹೊಸ ಖಣ (ಕುಪ್ಪಸದ ಅರಿವಿ) ತಗೊಂಡು ಮಾಡೂದಿದ್ರ ಪನ್ನ (ಅರಿವಿಯ ಅಗಲ) ಸಣ್ಣದು, ಅಳತಿ ಹಿಡದು ತಗೊಳ್ರಿ. ಕತ್ತರಿಸಿದ ಕೂಡಲೇ ಓವರ್‌ಲಾಕ್, ಖಣದ ಎಳಿ ಭಾಳ ಜಲ್ದಿ ಬಿಚ್ಚತಾವ.

ಪಡದೆ. ಪಶ್ಚಿಮದ ಕಿಡಕಿಗೆ ಸೀರಿ ಪಡದೆ ಮಾಡಬ್ಯಾಡ್ರಿ, ಬಿಸಿಲಿಗೆ ರೇಷ್ಮಿ ಹಿಟ್ಟಾಗತೈತಿ. ದಪ್ಪ ಕಾಟನ್, ಹಿಂದ ಬ್ಲ್ಯಾಕೌಟ್ ಅಸ್ತರ್. ರಾಡ್ ಕಿಡಕಿಗಿಂತ ಎರಡೂ ಬದಿ 9 ಇಂಚು ಹೆಚ್ಚು, ಅಂದ್ರ 66 ಇಂಚು. ಕಿಡಕಿಯ ಮ್ಯಾಲಂಚು ಬಾಗಲಾದಷ್ಟ 7 ಅಡಿ ಐತಿ ಅಂತ ಹಿಡದು, ರಾಡ್ ಅದಕ್ಕಿಂತ 6 ಇಂಚು ಎತ್ತರಕ್ಕ ಹಾಕಿದ್ರ ನೆಲದಿಂದ 90 ಇಂಚು ಆಗತೈತಿ. ಮ್ಯಾಲೆ 4, ಕೆಳಗ 6 ಇಂಚು ಮಡಿಕಿ ಹಿಡದು ಒಂದು ತುಂಡು 100 ಇಂಚು. 54 ಇಂಚು ಪನ್ನದ ದಪ್ಪ ಅರಿವಿ ಎರಡು ತುಂಡು ಸಾಕು, 5.5 ಮೀಟರ್ ತಗೊಳ್ರಿ. ತೆಳು ಅರಿವಿ ಆದ್ರ ಮೂರು ತುಂಡು, 8 ಮೀಟರ್. ಒಮ್ಮೆ ನೀರಿಗೆ ಹಾಕಿ ಒಣಗಿಸಿ ಆಮ್ಯಾಲೆ ಕತ್ತರಿಸ್ರಿ. ಹೊಲದ ಮ್ಯಾಲೆ ಕುಗ್ಗಿದ್ರ ಪಡದೆ ಫರಸಿಗಿಂತ ನಾಲ್ಕು ಇಂಚು ಮ್ಯಾಲೆ ಜೋತಾಡತೈತಿ. ರಿಂಗ್ ಸಮಸಂಖ್ಯೆ ಇರಲಿ, ಎಂಟು ಅಥವಾ ಹತ್ತು. ಬೆಸ ಆದ್ರ ಒಂದು ಅಂಚು ಗ್ವಾಡಿಗೆ, ಒಂದು ಅಂಚು ಮನಿಯೊಳಗ ಮುಖ ಮಾಡತೈತಿ. ಸೀರಿಯ ದಡಿ ಉಳದಿದ್ರ ಉತ್ತರದ ಕಿಡಕಿ ಪಡದೆಯ ಕೆಳ ಅಂಚಿಗೆ ಹೊಲೀರಿ, ಅಲ್ಲೆ ಬಿಸಿಲು ಕಡಿಮಿ.

ಫ್ರೇಮ್ ಕಟ್ಟುವವರು, ಬೆಳಗಾವಿ

ಕೌದಿಗೆ ಮೊಳೆ ಹೊಡೆಯಬೇಡಿ, ಅದರ ಭಾರಕ್ಕೆ ಅದೇ ಹರಿಯುತ್ತದೆ. ಹಿಂದೆ ಮೇಲಂಚಿಗೆ 4 ಇಂಚಿನ ಕಾಟನ್ ಪಟ್ಟಿ ಹೊಲಿದು ನಾಳದ ಹಾಗೆ ಮಾಡಿ, ಒಂದು ಇಂಚಿನ ಕೋಲು ತೂರಿಸಿ. ಮೂರು ಅಡಿಗೊಂದು ಬ್ರ್ಯಾಕೆಟ್. 6 ಮಿ.ಮೀ. ಬಿಟ್, ಅದೇ ಅಳತೆಯ ಪ್ಲಗ್, 35 ಮಿ.ಮೀ. ಸ್ಕ್ರೂ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಹಾಕಬೇಡಿ, ಅಲ್ಲಿ ವೈರ್ ಓಡಿರುತ್ತದೆ. ಮಣ್ಣು-ಕಲ್ಲಿನ ಹಳೆ ಗೋಡೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ, ಸಿಮೆಂಟಿನಲ್ಲಿ ಕಟ್ಟಿಗೆಯ ಗುಟ್ಟ ಕೂರಿಸಿ ಅದಕ್ಕೆ ಸ್ಕ್ರೂ ಹಾಕಬೇಕು.

ಚಿತ್ರದ ನಡುಮಧ್ಯ ನೆಲದಿಂದ 57–60 ಇಂಚು ಎನ್ನುವುದು ನಿಂತು ನೋಡುವವರ ಲೆಕ್ಕ. ನೆಲದ ಮೇಲೆ ಕೂರುವ ಪಡಸಾಲೆಗೆ 48 ಇಂಚು ಸರಿ. ನಮ್ಮ ಮನೆಗಳಲ್ಲಿ ಫೋಟೋಗಳೆಲ್ಲ ಜಂತಿಗೆ ಮುಟ್ಟುವ ಹಾಗೆ ಏಕೆ ನೇತಾಡುತ್ತವೋ, ದೇವರಿಗೇ ಗೊತ್ತು.

ಕೇಳಿದವರು

ಭಾಳ ಉಪಕಾರ ಆತ್ರಿ. ಒಂದ ಉಳದೈತಿ: ದೇವರ ಮಾಡದ ಹಿಂದಿನ ಗ್ವಾಡಿಗೆ ಅಚ್ಚ ಕೆಂಪ ಆಗಬೇಕಂತ ಮನ್ಯಾಗ ಹಟ.

ಪೇಂಟಿಂಗ್ ಕೆಲಸದವರು, ವಿದ್ಯಾಗಿರಿ

ಮಾಡಬಹುದು. ಅಚ್ಚ ಕೆಂಪಿಗೆ ಮುಚ್ಚೂ ಶಕ್ತಿ ಕಡಿಮಿ. ಬಿಳಿ ಪ್ರೈಮರ್ ಮ್ಯಾಲೆ ನಾಲ್ಕು ಕೈ ಹಚ್ಚಿದ್ರೂ ರೋಲರಿನ ಗೆರಿ ಕಾಣತಾವ. ಪ್ರೈಮರಿಗೆ ಕರಿ ಸ್ಟೇನರ್ (ಬೆರಸೂ ಬಣ್ಣದ ಸಾರ) ಹನಿ ಹಾಕಿ ನಡುಮಟ್ಟದ ಬೂದು ಮಾಡಿ ಒಂದು ಕೈ ಹಚ್ರಿ, ಕೆಂಪು ಎರಡು-ಮೂರು ಕೈಗೆ ಕೂಡತೈತಿ. ಆ ಗ್ವಾಡಿ ಪಶ್ಚಿಮದ ಕಿಡಕಿಗೆ ಎದುರು ಬರದಂಗ ನೋಡ್ರಿ, ಬಂದ್ರ ಸಂಜಿಕ ಇಡೀ ಪಡಸಾಲಿ ಗುಲಾಬಿ ಆಗತೈತಿ. ದೀಪದ ಹಿಂದ ಬಣ್ಣ ಬ್ಯಾಡ, ಮಸಿ ಹಿಡೀತೈತಿ. ಇಳಕಲ್ ಕೆಂಪು ಗ್ರಾನೈಟಿನ ಪಾಲಿಶ್ ಮಾಡಿದ ತುಂಡು ಎರಡು ಅಡಿ ಎತ್ತರ ಕೂರಿಸ್ರಿ. ಕಲ್ಲಿನ ಅಂಗಡ್ಯಾಗ ಕತ್ತರಿಸಿ ಉಳದ ತುಂಡು ಕೇಳಿದ್ರ ಅಗ್ಗಕ್ಕ ಸಿಗತಾವ.