ಡಿವೋರ್ಸ್ ಆದ ಮಾರನೇ ದಿನ ನನ್ನ ಇನ್ಸುಲಿನ್ ಎಲ್ಲಿಂದ? (ಟೆಕ್ಸಸ್, ಎಚ್‌-4)

ಕೇಳಿದವರು: ನಮಸ್ಕಾರ. ಡಲ್ಲಾಸ್ ಹತ್ತಿರ ಇದ್ದೇನೆ, ಬಂದು ಆರು ವರ್ಷ. ಗಂಡ ಎಚ್‌-1ಬಿ (ಕಂಪನಿ ಕೊಡಿಸುವ ಕೆಲಸದ ವೀಸಾ), ನಾನು ಎಚ್‌-4 (ಅವರ ಹೆಂಡತಿಯಾಗಿ ಸಿಕ್ಕ ವೀಸಾ). ಕೆಲಸದ ಪರ್ಮಿಟ್ ಇಲ್ಲ, ಮಕ್ಕಳಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗುತ್ತಿದ್ದೇವೆ, ದೊಡ್ಡ ಜಗಳ ಏನೂ ಇಲ್ಲ. ಕೇಸ್ ಇನ್ನೂ ಹಾಕಿಲ್ಲ. ನನಗೆ ಟೈಪ್-1 ಡಯಾಬಿಟಿಸ್. ಇನ್ಸುಲಿನ್, ಸಕ್ಕರೆ ಅಳೆಯುವ ಸೆನ್ಸರ್, ಡಾಕ್ಟರ್ ಎಲ್ಲವೂ ಅವರ ಆಫೀಸಿನ ಇನ್ಶೂರೆನ್ಸ್‌ನಲ್ಲಿ ನಡೆಯುತ್ತಿದೆ. ಮುಂದೇನು? ಮೈಸೂರಿನಿಂದ ಅಮ್ಮ "ಸುಮ್ನೆ ಬಂದುಬಿಡು" ಅನ್ನುತ್ತಾರೆ. ಇದನ್ನು ದಾಟಿದವರು ಇದ್ದರೆ ದಯವಿಟ್ಟು ಹೇಳಿ.

ಹ್ಯೂಸ್ಟನ್, ದಾಟಿದವಳು: ಮೊದಲು ನನ್ನ ದಡ್ಡತನ ಹೇಳುತ್ತೇನೆ. ಇನ್ಶೂರೆನ್ಸ್ ವರ್ಷದ ಲೆಕ್ಕ ತಾನೇ, ಡಿಸೆಂಬರ್‌ವರೆಗೆ ನಡೆಯುತ್ತದೆ ಅಂದುಕೊಂಡಿದ್ದೆ. ಒಂದು ಮಂಗಳವಾರ ಜಡ್ಜ್ ಸಹಿ ಹಾಕಿದರು. ಮುಂದಿನ ವಾರ ಫಾರ್ಮಸಿಯ ಹುಡುಗಿ ನನ್ನ ನಂಬರ್ ಎರಡು ಸಲ ಹಾಕಿ ನೋಡಿ, "ಇದು ನಿಂತುಹೋಗಿದೆ" ಅಂದಳು. ನನಗೆ ಕೀಲುವಾತ. ಇಂಜೆಕ್ಷನ್ನಿನ ಪೂರ್ತಿ ಬೆಲೆ ಕೇಳಿ ಬರಿಗೈಯಲ್ಲಿ ಬಂದು ಕಾರಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ.

ಕೆಲವು ಪ್ಲಾನ್ ಡಿಕ್ರಿ ಆದ ದಿನವೇ ನಿಲ್ಲುತ್ತದೆ, ಕೆಲವು ಆ ತಿಂಗಳ ಕೊನೆಗೆ. ನಿಮ್ಮದು ಯಾವುದು ಅಂತ ಈಗಲೇ ಬರಹದಲ್ಲಿ ತರಿಸಿಕೊಳ್ಳಿ. ತಿಂಗಳ ಕೊನೆ ಅಂತಿದ್ದರೆ ಡಿಕ್ರಿ ಈ ತಿಂಗಳ 30ನೇ ತಾರೀಕಿಗೆ ಬರುವುದಕ್ಕೂ ಮುಂದಿನ ತಿಂಗಳ 2ನೇ ತಾರೀಕಿಗೆ ಬರುವುದಕ್ಕೂ ಒಂದು ತಿಂಗಳ ಔಷಧಿ ವ್ಯತ್ಯಾಸ. ಜಗಳ ಇಲ್ಲ ಅಂದಿರಲ್ಲ, ಅದೇ ನಿಮ್ಮ ದೊಡ್ಡ ಆಸ್ತಿ. ತಾರೀಕು ನಿಮ್ಮಿಬ್ಬರ ಕೈಯಲ್ಲಿದೆ.

ಆಮೇಲೆ ಕೋಬ್ರಾ. ಇದು ಹಾವಲ್ಲ, ಕಾನೂನು, ಆದರೆ ಪ್ರೀಮಿಯಂ ನೋಡಿದರೆ ಕಚ್ಚಿದ ಹಾಗೇ ಆಗುತ್ತದೆ. 20 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿಯಾದರೆ ಅದೇ ಪ್ಲಾನಿನಲ್ಲಿ ನೀವು ಮುಂದುವರಿಯಬಹುದು. ಕೆಲಸ ಹೋದವರಿಗೆ 18 ತಿಂಗಳು, ಡಿವೋರ್ಸ್ ಆದ ಹೆಂಡತಿಗೆ 36. ಕಂಪನಿ ಕಟ್ಟುತ್ತಿದ್ದ ಪಾಲೂ ನಿಮ್ಮ ತಲೆಗೇ ಬರುತ್ತದೆ, ಪೂರ್ತಿ ಬೆಲೆಯ 102 ಪರ್ಸೆಂಟ್‌ವರೆಗೆ. ನನಗೆ ತಿಂಗಳಿಗೆ 700 ಡಾಲರ್ ದಾಟಿತ್ತು. ಡಿವೋರ್ಸ್ ಆಯಿತು ಅಂತ 60 ದಿನದೊಳಗೆ ಪ್ಲಾನಿನವರಿಗೆ ತಿಳಿಸಬೇಕಾದ್ದು ನೀವು ಅಥವಾ ಅವರು. ಕಂಪನಿ ತಾನಾಗಿ ಕೇಳುವುದಿಲ್ಲ. ನಾನು ಹೇಳಿದ್ದು 52ನೇ ದಿನ! ಕಾಗದ ಬಂದ ಮೇಲೆ ಬೇಕೋ ಬೇಡವೋ ಹೇಳಲು 60 ದಿನ, ಮೊದಲ ಕಂತಿಗೆ ಇನ್ನೂ 45 ದಿನ. ಕಟ್ಟಿದರೆ ನಿಂತ ದಿನದಿಂದಲೇ ಜಾರಿ. ಮಧ್ಯೆ ಕೈಯಿಂದ ಕೊಟ್ಟ ಔಷಧಿ ದುಡ್ಡು ಸ್ವಲ್ಪ ವಾಪಸ್ ಬಂತು.

ಆಸ್ಟಿನ್: ಇನ್ಶೂರೆನ್ಸ್ ಎರಡನೇ ಮಾತು. ಡಿಕ್ರಿ ಆದ ದಿನವೇ ನಿಮ್ಮ ಎಚ್‌-4 ಮುಗಿಯುತ್ತದೆ. ಕೆಲಸ ಹೋದರೆ ಎಚ್‌-1ಬಿಯವರಿಗೆ 60 ದಿನ ಕೊಡುತ್ತಾರಲ್ಲ, ಆ 60 ನಿಮ್ಮದಲ್ಲ. ಎಫ್‌-1 (ವಿದ್ಯಾರ್ಥಿ ವೀಸಾ) ಆಗಲಿ ಬಿ-2 (ವಿಸಿಟರ್ ವೀಸಾ) ಆಗಲಿ, ಬದಲಾಯಿಸುವ ಅರ್ಜಿ ಡಿಕ್ರಿಗೆ ಮೊದಲೇ ಹೋಗಬೇಕು. ಟೆಕ್ಸಸ್‌ನಲ್ಲಿ ಕೇಸ್ ಹಾಕಿದ ಮೇಲೆ ಸಾಮಾನ್ಯವಾಗಿ 60 ದಿನ ಕಾಯಲೇಬೇಕು. ಅದನ್ನು ಹಾಳುಮಾಡಬೇಡಿ. ಇಮಿಗ್ರೇಷನ್ ವಕೀಲರು ಬೇರೆ, ಡಿವೋರ್ಸ್ ವಕೀಲರು ಬೇರೆ. ಒಬ್ಬರಿಗೆ ಇನ್ನೊಬ್ಬರ ಕೆಲಸ ಗೊತ್ತಿರುವುದಿಲ್ಲ, ನೀವೇ ಇಬ್ಬರನ್ನೂ ಮಾತಾಡಿಸಿ. ಓದುವ ಮನಸ್ಸಿದ್ದರೆ ಎಫ್‌-1 ಒಳ್ಳೆಯದು, ಎಷ್ಟೋ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿ ಇನ್ಶೂರೆನ್ಸ್ ಜತೆಗೇ ಬರುತ್ತದೆ.

ಹೆಸರು ಬೇಡ: ಇಷ್ಟೆಲ್ಲ ಯಾಕೆ? ಆಫೀಸಿಗೆ ಹೇಳಲೇಬೇಡಿ. ಕಾರ್ಡ್ ನಡೆಯುವಷ್ಟು ದಿನ ನಡೆಸಿ. ನನ್ನ ಫ್ರೆಂಡ್ ಹಾಗೇ ಮಾಡಿದಳು.

ಹ್ಯೂಸ್ಟನ್, ದಾಟಿದವಳು: ದಯವಿಟ್ಟು ಬೇಡ. ಗೊತ್ತಾದ ದಿನ ಹಳೇ ಬಿಲ್ಲುಗಳನ್ನು ವಾಪಸ್ ಕೇಳಬಹುದು, ಅವರ ಕೆಲಸಕ್ಕೂ ಕುತ್ತು. ಅಷ್ಟರಲ್ಲಿ ತಿಳಿಸುವ 60 ದಿನವೂ ಕಳೆದು ಕೋಬ್ರಾನೂ ಕೈತಪ್ಪುತ್ತದೆ. ಆದರೆ ಕೇಸ್ ನಡೆಯುವಾಗ ಅವರು ನಿಮ್ಮ ಹೆಸರು ತೆಗೆಯುವ ಹಾಗೂ ಇಲ್ಲ. ಡಲ್ಲಾಸ್, ಕಾಲಿನ್ ಕೌಂಟಿಗಳಲ್ಲಿ ಕೇಸ್ ಹಾಕಿದ ಕೂಡಲೇ ಅನ್ವಯಿಸುವ ಕೋರ್ಟಿನ ಸ್ಟ್ಯಾಂಡಿಂಗ್ ಆರ್ಡರ್ (ಎಲ್ಲ ಕೇಸಿಗೂ ಇರುವ ಆದೇಶ) ಅದನ್ನು ತಡೆಯುತ್ತದೆ.

ಕ್ಲಿನಿಕ್‌ನಲ್ಲಿ ಕೆಲಸ, ಫೋರ್ಟ್ ವರ್ತ್: ನಮ್ಮಂಥ ಕಮ್ಯುನಿಟಿ ಹೆಲ್ತ್ ಸೆಂಟರ್‌ಗಳಲ್ಲಿ ಫೀಸು ಆದಾಯ ನೋಡಿ ಇಳಿಯುತ್ತದೆ. ವೀಸಾ ಕಾಗದ ಕೇಳುತ್ತಾರಾ ಅಂತ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ನಾಚಿಕೆಪಡಬೇಡಿ, ಈ ಕೌಂಟರ್ ಮುಂದೆ ನಮ್ಮ ಊರಿನವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಇನ್ಸುಲಿನ್ ಮಾಡುವ ಮೂರು ದೊಡ್ಡ ಕಂಪನಿಗಳಿಗೂ ಇನ್ಶೂರೆನ್ಸ್ ಇಲ್ಲದವರಿಗೆ ತಿಂಗಳಿಗೆ 35 ಡಾಲರ್‌ನ ಯೋಜನೆ ಇದೆ, ನಿಮ್ಮ ಬ್ರ್ಯಾಂಡ್ ಅದರಲ್ಲಿದೆಯಾ ನೋಡಿಕೊಳ್ಳಿ. ಸೆನ್ಸರ್‌ಗೆ ಆ ಭಾಗ್ಯ ಇಲ್ಲ, ಜೇಬು ಸುಡುವುದು ಅದೇ. ಹಾಗಾಗಿ ಈಗಲೇ 90 ದಿನದ್ದು ತರಿಸಿಡಿ. ಕಣ್ಣು, ಕಿಡ್ನಿ ಟೆಸ್ಟ್ ಬಾಕಿ ಇದ್ದರೆ ಮುಗಿಸಿ. ಬೇರೆ ಪ್ಲಾನ್‌ಗೆ ಹೋದರೆ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ) ಮತ್ತೆ ಸೊನ್ನೆಯಿಂದ ಶುರು.

ಮಾರ್ಕೆಟ್‌ಪ್ಲೇಸ್ (ನಾವೇ ಇನ್ಶೂರೆನ್ಸ್ ಕೊಳ್ಳುವ ಸರ್ಕಾರಿ ವೆಬ್‌ಸೈಟ್) ಬಗ್ಗೆ ಜಾಸ್ತಿ ಆಸೆ ಬೇಡ. ಕಾನೂನುಬದ್ಧ ವೀಸಾ ಇರುವವರೆಗೆ ಕೊಳ್ಳಬಹುದು. ಇನ್ಶೂರೆನ್ಸ್ ಹೋದ 60 ದಿನದೊಳಗೆ ಸೇರಬೇಕು, ಮೊದಲಿನಿಂದ ಇದ್ದ ಕಾಯಿಲೆ ಅಂತ ತಳ್ಳುವಂತಿಲ್ಲ. ಆದರೆ ಸಬ್ಸಿಡಿಗೆ ನಿಮ್ಮದೇ ಆದಾಯ ಬೇಕು. ಡಿವೋರ್ಸ್‌ನಲ್ಲಿ ಸಿಗುವ ಜೀವನಾಂಶ 2019ರಿಂದ ಟ್ಯಾಕ್ಸ್ ಲೆಕ್ಕಕ್ಕೇ ಬರುವುದಿಲ್ಲ, ಅಂದರೆ ಆದಾಯ ಅನ್ನಿಸಿಕೊಳ್ಳುವುದಿಲ್ಲ. 2025ರ ಕಾನೂನಿನ ಪ್ರಕಾರ 2027ರಿಂದ ಎಚ್‌-4, ಎಫ್‌-1ನಂಥ ವೀಸಾದವರಿಗೆ ಸಬ್ಸಿಡಿಯೇ ಇಲ್ಲ. ಬಡವರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡ್ ಅಂತೂ ಈ ವೀಸಾದಲ್ಲಿ, ಈ ರಾಜ್ಯದಲ್ಲಿ ಮರೆತುಬಿಡಿ. ಇನ್ನು ವಿಸಿಟರ್ ಇನ್ಶೂರೆನ್ಸ್ ತಗೊಳ್ಳಿ ಅಂತ ಯಾರಾದರೂ ಹೇಳುತ್ತಾರೆ. ಹಳೇ ಕಾಯಿಲೆಗೆ ಅದು ಸಾಮಾನ್ಯವಾಗಿ ಕೊಡುವುದಿಲ್ಲ.

ಸಕ್ಕರೆ ತೀರಾ ಏರಿದರೆ ಇದ್ಯಾವುದೂ ನೋಡಬೇಡಿ, ಎಮರ್ಜೆನ್ಸಿಗೆ ಹೋಗಿ. 1986ರ ಕಾನೂನಿದೆ, ಇನ್ಶೂರೆನ್ಸ್ ಇಲ್ಲ ಅಂತ ನೋಡದೆ ಕಳಿಸುವಂತಿಲ್ಲ. ಬಿಲ್ ಆಮೇಲೆ ಬರುತ್ತದೆ, ಅದು ಬೇರೆ ಜಗಳ.

ನ್ಯೂಜೆರ್ಸಿ: ಕೇಳಿದವರದು ಜಗಳವಿಲ್ಲದ ಡಿವೋರ್ಸ್. ಇದು ಸುಮ್ಮನೆ ಓದಿಕೊಂಡು ಹೋಗುವ ಇನ್ನೊಬ್ಬಳಿಗೆ. ನಾನೂ ಹಾಗೇ ಓದಿಕೊಂಡು ಹೋಗುತ್ತಿದ್ದವಳೇ. ನಾನು ಕೌನ್ಸೆಲಿಂಗ್‌ಗೆ ಹೋದದ್ದು ನನ್ನ ಗಂಡನಿಗೆ ಗೊತ್ತಾಗಿದ್ದು ಇನ್ಶೂರೆನ್ಸ್ ಕಾಗದದಿಂದ. ಪ್ರತಿ ಭೇಟಿಯ ವಿವರ ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಹೋಗುತ್ತದೆ. ಅದು ನನಗೆ ಗೊತ್ತಿರಲಿಲ್ಲ. "ಇದರಿಂದ ನನಗೆ ಅಪಾಯ ಇದೆ, ಬೇರೆ ವಿಳಾಸಕ್ಕೆ ಕಳಿಸಿ" ಅಂತ ಇನ್ಶೂರೆನ್ಸ್‌ನವರಿಗೆ ಬರೆದುಕೊಟ್ಟರೆ ಅವರು ಒಪ್ಪಬೇಕು, ನಿಯಮ ಇದೆ. ಹೊಡೆತ ತಿನ್ನುವ ಎಚ್‌-4 ಹೆಂಡತಿ ತನ್ನದೇ ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು, ಐ-765ವಿ ಅನ್ನುವ ಫಾರ್ಮ್. ಗಂಡನ ಸಹಿ ಬೇಡ. ಹೊಡೆತದ ಕಾರಣಕ್ಕೇ ಡಿವೋರ್ಸ್ ಆಗಿದ್ದರೆ ಎರಡು ವರ್ಷದೊಳಗೂ ಹಾಕಬಹುದು. ನಮ್ಮ ಕಡೆ ಮಾನವಿ, ಹ್ಯೂಸ್ಟನ್‌ನಲ್ಲಿ ದಯಾ, ಡಲ್ಲಾಸ್‌ನಲ್ಲಿ ಚೇತನಾ ಸಂಸ್ಥೆಗಳು ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಇವೆ. ಫೋನ್ ಮಾಡುವಾಗ ಅವನ ಫ್ಯಾಮಿಲಿ ಪ್ಲಾನ್ ನಂಬರ್‌ನಿಂದ ಮಾಡಬೇಡಿ.

ಟೊರಾಂಟೊ: ಇದನ್ನು ಓದಿ ಹೊಟ್ಟೆ ಕಲಸಿತು. ನಾನು ಪಿಆರ್ (ಕೆನಡಾದ ಶಾಶ್ವತ ವಾಸದ ಅನುಮತಿ) ಮೇಲೆ ಬಂದವಳು, ಡಿವೋರ್ಸ್ ಆದಾಗ ನನ್ನ ಸರ್ಕಾರಿ ಹೆಲ್ತ್ ಕಾರ್ಡ್‌ನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಹೋಗಿದ್ದು ಅವರ ಆಫೀಸಿನ ಹಲ್ಲು, ಕನ್ನಡಕದ ಇನ್ಶೂರೆನ್ಸ್ ಅಷ್ಟೇ.

ಹುಬ್ಬಳ್ಳಿಗೆ ವಾಪಸ್: ಅಮ್ಮನ ಮಾತೂ ತೆಗೆದುಹಾಕುವಂಥದ್ದಲ್ಲ. ನಾನು ಬಂದೆ, ಡಾಕ್ಟರ್ ಫೀಸು, ಇನ್ಸುಲಿನ್ ಎರಡೂ ಇಲ್ಲಿ ಕೈಗೆಟುಕುತ್ತವೆ. ಆದರೆ ಇಲ್ಲಿಯ ಇನ್ಶೂರೆನ್ಸ್‌ನಲ್ಲಿ ಮೊದಲಿನಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. 2024ರವರೆಗೆ ನಾಲ್ಕಿತ್ತು. ಬರುವುದು ಒಂದು ವರ್ಷ ಬಿಟ್ಟೇ ಆದರೂ, ಪಾಲಿಸಿ ಸಿಗುವುದಾದರೆ ಈಗಲೇ ಮಾಡಿಸಿ ಆ ಗಡಿಯಾರ ಓಡಿಸಿಬಿಡಿ. ಡಯಾಬಿಟಿಸ್ ಮುಚ್ಚಿಡಬೇಡಿ, ಕ್ಲೇಮ್ ಬಿದ್ದುಹೋಗುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಎಲ್ಲಿ ನೋಡಿದರೂ 60 ದಿನ, ಪ್ರತಿಯೊಂದೂ ಬೇರೆ ಬೇರೆ ದಿನ ಶುರು! ಹಾಳೆ ಮೇಲೆ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ನಿನ್ನೆ ರಾತ್ರಿ ಅವರ ಜತೆ ಕೂತು ಮಾತಾಡಿದೆ. ಎಫ್‌-1 ಅರ್ಜಿ ಹೋಗುವವರೆಗೆ ಡಿಕ್ರಿ ತಳ್ಳೋಣ, ಕೋಬ್ರಾ ಒಂದು ವರ್ಷ ನಾನೇ ಕಟ್ಟುತ್ತೇನೆ ಅಂದರು. ಅದನ್ನು ಡಿಕ್ರಿಯಲ್ಲೇ ಬರೆಸಬೇಕಾ, ಬಾಯಿಮಾತು ಸಾಕಾ?

ಹ್ಯೂಸ್ಟನ್, ದಾಟಿದವಳು: ಬರೆಸಿ. ಎಷ್ಟು ಒಳ್ಳೆಯವರಾದರೂ ಬರೆಸಿ.