ಬುಖಾರಾ–ಸಮರ್ಕಂದ್ ನಡುವಿನ ಹಳೆಯ ವ್ಯಾಪಾರದ ಹಾದಿ: ಏನು ನೋಡಬೇಕು, ಹೇಗೆ ನೋಡಬೇಕು?

ಪ್ರಶ್ನೆ (ಧಾರವಾಡದಿಂದ)

ಬರುವ ಅಕ್ಟೋಬರಿನಲ್ಲಿ ತಂದೆಯವರನ್ನು ಕರೆದುಕೊಂಡು ಉಜ್ಬೇಕಿಸ್ತಾನಕ್ಕೆ ಹೋಗಬೇಕೆಂದಿದ್ದೇನೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅವರು ರೇಷ್ಮೆ ಮಾರ್ಗದ ಪಾಠವನ್ನು ವರ್ಷ ವರ್ಷವೂ ಮಾಡಿದ್ದಾರೆ. ಆ ಮಾರ್ಗವನ್ನು ಕಣ್ಣಾರೆ ಕಂಡಿಲ್ಲ. ಪ್ರವಾಸ ಏರ್ಪಡಿಸುವವರು ಕೊಟ್ಟ ಪಟ್ಟಿಗಳಲ್ಲಿ ಸಮರ್ಕಂದ್, ಬುಖಾರಾ, ಖೀವಾಗಳ ದೊಡ್ಡ ಕಟ್ಟಡಗಳ ಹೆಸರುಗಳಷ್ಟೇ ಇವೆ. ವ್ಯಾಪಾರಿಗಳು ಎಲ್ಲಿ ತಂಗುತ್ತಿದ್ದರು, ಎಲ್ಲಿ ನೀರು ಕುಡಿಯುತ್ತಿದ್ದರು, ಎಲ್ಲಿ ಸರಕು ಮಾರುತ್ತಿದ್ದರು ಎಂಬುದನ್ನು ತೋರಿಸುವ ಕಟ್ಟಡಗಳು ಮತ್ತು ಪಾಳು ನೆಲೆಗಳು ಯಾವುವು? ತಂದೆಯವರಿಗೆ ಮೊಣಕಾಲು ನೋವಿದೆ ಎಂಬುದನ್ನೂ ಗಮನದಲ್ಲಿಟ್ಟು ನೋಡಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ, ನಿವೃತ್ತ ಸಿವಿಲ್ ಎಂಜಿನಿಯರ್

ನಿಮ್ಮ ತಂದೆಯವರಿಗೆ ನಾನು ಮೊದಲು ತೋರಿಸುವ ಜಾಗ ಸಮರ್ಕಂದ್ ಅಲ್ಲ. ಬುಖಾರಾದಿಂದ ನವೋಯ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ರಬಾತಿ ಮಲಿಕ್ ಎಂಬ ನೆಲೆಯಿದೆ. ಕರಖಾನಿ ವಂಶದ ದೊರೆ ಶಮ್ಸ್ ಅಲ್-ಮುಲ್ಕ್ 11ನೆಯ ಶತಮಾನದಲ್ಲಿ ಕಟ್ಟಿಸಿದ ಆ ಛತ್ರದಲ್ಲಿ ಈಗ ನೆಟ್ಟಗೆ ನಿಂತಿರುವುದು ಹೆಬ್ಬಾಗಿಲೊಂದೇ. ಅದರ ಹಿಂದೆ ಉತ್ಖನನದಲ್ಲಿ ತೆರೆದುಕೊಂಡ ಕೋಣೆಗಳ ಮತ್ತು ಅಂಗಳದ ಅಡಿಪಾಯಗಳು ನೆಲದ ಮೇಲೆ ನಕ್ಷೆ ಬಿಡಿಸಿದಂತೆ ಕಾಣುತ್ತವೆ. ಬಾಗಿಲಿನ ಚೌಕಟ್ಟಿನ ಸುತ್ತ ಇಟ್ಟಿಗೆಯಲ್ಲೇ ಹೆಣೆದ ನಕ್ಷತ್ರಗಳ ಪಟ್ಟಿಯಿದೆ. ಬಣ್ಣವಿಲ್ಲ, ಹೊಳಪಿನ ಹೆಂಚಿಲ್ಲ. ನೆರಳು ಬೆಳಕಿನಲ್ಲೇ ಅಲಂಕಾರ.

ಹೆಬ್ಬಾಗಿಲಿನ ಫೋಟೊ ತೆಗೆದುಕೊಂಡು ಹೊರಟುಬಿಡುವವರೇ ಹೆಚ್ಚು. ದಯವಿಟ್ಟು ರಸ್ತೆ ದಾಟಿ ಎದುರು ಬದಿಗೆ ಹೋಗಿ. ಅಲ್ಲಿರುವ ಇಟ್ಟಿಗೆಯ ಗುಮ್ಮಟ ಮೇಲ್ನೋಟಕ್ಕೆ ಯಾರದೋ ಗೋರಿಯಂತೆ ತೋರಿದರೂ ಅದು ನೀರಿನ ತೊಟ್ಟಿ. ಅಲ್ಲಿಯವರು ಅದನ್ನು ಸರ್ದೋಬಾ ಎನ್ನುತ್ತಾರೆ. ಝರಫ್ಷಾನ್ ನದಿಯ ನೀರನ್ನು ಕಾಲುವೆಯಲ್ಲಿ ತಂದು, ನೆಲಮಟ್ಟಕ್ಕಿಂತ ಕೆಳಗೆ ತುಂಬಿಸಿ, ಬಿಸಿಲಿಗೆ ಆರಿಹೋಗದಂತೆ, ಮರಳು ಬೀಳದಂತೆ ಮೇಲೆ ಗುಮ್ಮಟ ಮುಚ್ಚಿದ್ದಾರೆ. ಒಳಗಿನ ಮೆಟ್ಟಿಲುಗಳನ್ನು ನಿಮ್ಮ ತಂದೆಯವರು ಇಳಿಯಬೇಕಾಗಿಲ್ಲ, ಬಾಗಿಲಲ್ಲಿ ನಿಂತರೇ ಒಳಗಿನ ತಂಪು ಮುಖಕ್ಕೆ ತಾಗುತ್ತದೆ. ಒಂಟೆಗಳ ಸಾರ್ಥ ದಿನಕ್ಕೆ ಸುಮಾರು ಮೂವತ್ತು ನಲವತ್ತು ಕಿಲೋಮೀಟರ್ ನಡೆಯುತ್ತಿತ್ತು ಎಂದು ಲೆಕ್ಕ ಹಾಕಿದರೆ, ಇಂಥ ತೊಟ್ಟಿ ಮತ್ತು ಛತ್ರಗಳು ಎಲ್ಲಿ ಬೇಕೋ ಅಲ್ಲಿ ಇದ್ದುದರಿಂದಲೇ ಮರಳುಗಾಡಿನ ನಡುವೆ ಒಂದು ಹಾದಿ ಹಾದಿಯಾಗಿ ಉಳಿಯಿತು ಎನ್ನುವುದು ಅಲ್ಲಿ ನಿಂತಾಗ ತಾನಾಗಿಯೇ ತಿಳಿಯುತ್ತದೆ. ಇಂದಿಗೂ ಲಾರಿಗಳು ಆ ಎರಡು ಕಟ್ಟಡಗಳ ನಡುವಿನಿಂದಲೇ ಓಡುತ್ತವೆ.

2023ರಲ್ಲಿ ಯುನೆಸ್ಕೊ, ತಜಿಕಿಸ್ತಾನ, ಉಜ್ಬೇಕಿಸ್ತಾನ ಮತ್ತು ತುರ್ಕಮೆನಿಸ್ತಾನಗಳಲ್ಲಿ ಹರಡಿರುವ ‘ಝರಫ್ಷಾನ್–ಕರಾಕುಮ್’ ಹಾದಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ರಬಾತಿ ಮಲಿಕ್ ಕೂಡ ಅದರಲ್ಲಿ ಸೇರಿತು. ಸಮರ್ಕಂದಿನ ರೆಗಿಸ್ತಾನ ಚೌಕವನ್ನು ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕಾಣುವುದರಲ್ಲಿ ಎಷ್ಟು ಹಳೆಯದು, ಎಷ್ಟು ಕಳೆದ ನೂರು ವರ್ಷಗಳ ದುರಸ್ತಿ ಎಂದು ವಿಂಗಡಿಸುವುದು ನನ್ನಂಥವನಿಗೂ ಕಷ್ಟವಾಯಿತು.

ಬೀದರದಿಂದ, ಶಿಕ್ಷಕಿ

ಮೈಸೂರಿನ ಹಿರಿಯರ ಮಾತಿಗೆ ನನ್ನ ಸಣ್ಣದೊಂದು ತಕರಾರಿದೆ. ದುರಸ್ತಿ ಆಗಿದೆ ಎಂಬ ಕಾರಣಕ್ಕೆ ಸಮರ್ಕಂದನ್ನು ಹಿಂದಕ್ಕೆ ಸರಿಸಬಾರದು. ಬೀಬಿ ಖಾನಂ ಮಸೀದಿಯನ್ನೇ ತೆಗೆದುಕೊಳ್ಳಿ. ದೆಹಲಿಯ ದಂಡಯಾತ್ರೆಯಿಂದ ಹಿಂದಿರುಗಿದ ತೈಮೂರ್ 1399ರಲ್ಲಿ ಅದನ್ನು ಕಟ್ಟಿಸಲು ಆರಂಭಿಸಿದ. ಹಿಂದೂಸ್ತಾನದಿಂದ ಒಯ್ದ ಕಲ್ಲುಕುಟಿಗರೂ ಅದರಲ್ಲಿ ದುಡಿದರು. ಅಳತೆ ಮೀರಿದ ಗಾತ್ರದ ಆ ಕಟ್ಟಡ ಬೇಗನೆ ಶಿಥಿಲವಾಗುತ್ತಾ ಬಂದು, 1897ರ ಭೂಕಂಪದಲ್ಲಿ ಮತ್ತಷ್ಟು ಕುಸಿಯಿತು. ಈಗಿನ ಗುಮ್ಮಟಗಳು 20ನೆಯ ಶತಮಾನದ ಕೆಲಸ ಎಂಬುದು ನಿಜ, ಆದರೆ ಒಬ್ಬ ದೊರೆಯ ಅವಸರ ಹೇಗಿತ್ತು ಎಂಬುದನ್ನು ಆ ಹೆಬ್ಬಾಗಿಲಿನ ಕೆಳಗೆ ನಿಂತಲ್ಲದೆ ಅಂದಾಜು ಮಾಡಲಾಗದು. ನನ್ನ ಬೇಸರವೇನಿದ್ದರೂ ತೈಮೂರನ ಹುಟ್ಟೂರಾದ ಶಹರಿಸಬ್ಜ್ ಬಗ್ಗೆ. ಪ್ರವಾಸಿಗರಿಗೆ ಉದ್ಯಾನ ಮಾಡಲೆಂದು ಹಳೆಯ ವಸತಿ ಕೇರಿಗಳನ್ನೇ ಕೆಡವಿದ್ದರಿಂದ 2016ರಲ್ಲಿ ಅದು ಯುನೆಸ್ಕೊದ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿತು. ದುರಸ್ತಿಗಿಂತ ಇದು ದೊಡ್ಡ ನಷ್ಟ.

ಹೋಗುವ ಮುನ್ನ ಸಾಧ್ಯವಾದರೆ ತಂದೆಯವರನ್ನು ಒಮ್ಮೆ ಬೀದರಿಗೆ ಕರೆತನ್ನಿ. ಊರಿನ ಅಭಿಮಾನದಿಂದ ಹೇಳುವ ಮಾತಲ್ಲ ಇದು. 1472ರ ಸುಮಾರಿಗೆ ಪೂರ್ಣಗೊಂಡ ಮಹಮೂದ್ ಗವಾನನ ಮದರಸಾ ಸಮರ್ಕಂದ್, ಖುರಾಸಾನಗಳ ಮದರಸಾಗಳ ಮಾದರಿಯಲ್ಲೇ ಎದ್ದ ಕಟ್ಟಡ. ಗವಾನ್ ಇರಾನಿನ ಗಿಲಾನಿನವನು. ವ್ಯಾಪಾರಿಯಾಗಿ ಸಮುದ್ರದ ಹಾದಿಯಲ್ಲಿ ದಖ್ಖನಿಗೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಗೊಂಡು ಮದರಸಾದ ಮುಂಭಾಗದ ಒಂದು ಪಾರ್ಶ್ವ ಹಾರಿಹೋಯಿತು. ಉಳಿದ ಒಂದು ಮಿನಾರಿನ ಮೇಲೆ ಓರೆಕೋರೆಯಾಗಿ ಸಾಗುವ ಹೆಂಚಿನ ಪಟ್ಟಿಗಳಿವೆ. ಹೆಂಚು ಉದುರಿದ ಕಡೆ ಅದರ ಹಿಂದಿನ ಗಾರೆ ಕಾಣಿಸುತ್ತದೆ. ಹೆಂಚನ್ನು ಹೇಗೆ ಕತ್ತರಿಸಿ, ಹೇಗೆ ಕೂರಿಸುತ್ತಿದ್ದರು ಎಂಬುದು ಇಲ್ಲಿ ತಿಳಿದಷ್ಟು ಸ್ಪಷ್ಟವಾಗಿ ದುರಸ್ತಿಯಾದ ಗೋಡೆಗಳಲ್ಲಿ ತಿಳಿಯುವುದಿಲ್ಲ. ಇದನ್ನು ಕಂಡು ಹೋದವರು ಸಮರ್ಕಂದಿನ ಶಾಹ್-ಇ-ಜಿಂದಾ ಗೋರಿಗಳ ಸಾಲಿನಲ್ಲಿ ಬೇರೆಯವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಅಲ್ಲಿಗೆ ಹತ್ತುವ ಮೆಟ್ಟಿಲುಗಳು ಮಾತ್ರ ಕಡಿದಾಗಿವೆ. ತಂದೆಯವರ ಕೈ ಹಿಡಿದುಕೊಳ್ಳಿ.

ತಾಷ್ಕೆಂಟಿನಿಂದ, ಉದ್ಯೋಗನಿಮಿತ್ತ ನೆಲೆಸಿರುವ ಕನ್ನಡಿಗ

ಇಬ್ಬರ ಮಾತನ್ನೂ ಒಪ್ಪುತ್ತಾ ಓಡಾಟದ ವಿಷಯ ಬರೆಯುತ್ತೇನೆ. ‘ಅಫ್ರಾಸಿಯೋಬ್’ ಎಂಬ ವೇಗದ ರೈಲು ತಾಷ್ಕೆಂಟ್, ಸಮರ್ಕಂದ್, ಬುಖಾರಾಗಳನ್ನು ಜೋಡಿಸುತ್ತದೆ. ಅಕ್ಟೋಬರ್ ಇಲ್ಲಿ ಪ್ರವಾಸಿಗರ ಕಾಲವಾದ್ದರಿಂದ ಟಿಕೆಟನ್ನು ಮುಂಚಿತವಾಗಿಯೇ ಕಾದಿರಿಸಬೇಕು. ಆದರೆ ರೈಲಿನಲ್ಲಿ ಕುಳಿತರೆ ಹಾದಿ ಕಾಣುವುದಿಲ್ಲ. ಆದ್ದರಿಂದ ಬುಖಾರಾದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸಮರ್ಕಂದಿಗೆ ಬಾಡಿಗೆ ಕಾರಿನಲ್ಲಿ ಹಿಂದಿರುಗಿ. ರಬಾತಿ ಮಲಿಕ್‌ನಲ್ಲಿ ನಿಲ್ಲಿಸಬೇಕೆಂದು ದರ ಮಾತಾಡುವಾಗಲೇ ಚಾಲಕನಿಗೆ ತಿಳಿಸಿ, ನಡುದಾರಿಯಲ್ಲಿ ಅಲ್ಲ.

ಬುಖಾರಾಕ್ಕೆ ಹೆಚ್ಚು ಸಮಯ ಕೊಡಿ. 16ನೆಯ ಶತಮಾನದ ವ್ಯಾಪಾರದ ಗುಮ್ಮಟಗಳು ಹಳೆಯ ಬೀದಿಗಳು ಕೂಡುವ ಜಾಗಗಳ ಮೇಲೆಯೇ ನಿಂತಿವೆ: ಹಣ ವಿನಿಮಯದ ಸರಾಫರಿಗೊಂದು, ಒಡವೆ ಮಾರುವವರಿಗೊಂದು, ಟೋಪಿ ಮಾರುವವರಿಗೊಂದು. ಜನ ಹೇಗೂ ಅಲ್ಲಿಂದಲೇ ಹಾದುಹೋಗಬೇಕು, ಹಾದುಹೋಗುವವರು ನೆರಳಿಗೆ ನಿಲ್ಲುತ್ತಾರೆ, ನಿಂತವರು ಕೊಳ್ಳುತ್ತಾರೆ ಎಂಬ ಜಾಣ ಲೆಕ್ಕಾಚಾರ ಇದರ ಹಿಂದಿದೆ. ಅಲ್ಲಿಯೇ ಸಮೀಪದಲ್ಲಿರುವ ಮಗೋಕಿ ಅತ್ತಾರಿ ಮಸೀದಿ ಇಂದಿನ ನೆಲಕ್ಕಿಂತ ಎಷ್ಟೋ ಕೆಳಗಿದೆ. ಸುತ್ತಲಿನ ಊರು ಶತಮಾನಗಳ ಮಣ್ಣಿನ ಮೇಲೆ ಏರುತ್ತಾ ಬಂದಿದೆ. ಲ್ಯಾಬಿ ಹೌಜ್ ಕೊಳದ ಬಳಿಯ ನಾದಿರ್ ದಿವಾನ್-ಬೇಗಿ ಕಟ್ಟಡವನ್ನು ಮೊದಲು ವ್ಯಾಪಾರಿಗಳ ಛತ್ರವಾಗಿ ಕಟ್ಟಿಸಿದ್ದು, ಉದ್ಘಾಟನೆಗೆ ಬಂದ ಖಾನನು ಅದನ್ನು ಮದರಸಾ ಎಂದು ಹೊಗಳಿಬಿಟ್ಟ, ದೊರೆಯ ಬಾಯಿಂದ ಬಂದ ಮಾತನ್ನು ಸುಳ್ಳಾಗಿಸುವಂತಿಲ್ಲವಾದ್ದರಿಂದ ಮದರಸಾವನ್ನೇ ಮಾಡಿದರು ಎಂಬ ಕಥೆಯಿದೆ. ಇವೆಲ್ಲವೂ ಸಮತಟ್ಟು ನೆಲದಲ್ಲಿ, ನಡೆದು ತಲುಪುವಷ್ಟು ದೂರದಲ್ಲಿವೆ.

ಪಾಳು ನೆಲೆ ಬೇಕೆಂದರೆ ಬುಖಾರಾದ ನೈರುತ್ಯಕ್ಕಿರುವ ಪೈಕೆಂದಿಗೆ ಹೋಗಬೇಕು. ವ್ಯಾಪಾರಿಗಳ ಪಟ್ಟಣವೆಂದು ಹೆಸರಾಗಿದ್ದ ಅದು ಝರಫ್ಷಾನಿನ ನೀರು ಹಿಂದೆ ಸರಿದಾಗ, 11ನೆಯ ಶತಮಾನದಲ್ಲಿ, ಜನರಿಲ್ಲದಂತಾಯಿತು. ಹಸಿ ಇಟ್ಟಿಗೆಯ ದಿಬ್ಬಗಳನ್ನು ಬಿಟ್ಟರೆ ಕಣ್ಣು ಸೆಳೆಯುವಂಥದ್ದು ಅಲ್ಲೇನೂ ಇಲ್ಲ, ನೆರಳೂ ಇಲ್ಲ. ಇತಿಹಾಸದ ಮೇಷ್ಟ್ರಿಗೆ ಇಷ್ಟವಾದೀತು. ಜೊತೆಗೆ ಬಂದವರಿಗೆ ಬೇಸರವಾದೀತು. ಸಸ್ಯಾಹಾರಿಗಳಾಗಿದ್ದರೆ ಕುಂಬಳಕಾಯಿ ತುಂಬಿದ ಸೋಮ್ಸಾ, ತಂದೂರಿನ ರೊಟ್ಟಿ, ಟೊಮೆಟೊ–ಈರುಳ್ಳಿಯ ಕೋಸಂಬರಿ ಎಲ್ಲೆಡೆ ಸಿಗುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತಂದೆಯವರು ಓದಿ, ಪೈಕೆಂದಿಗೆ ಹೋಗಲೇಬೇಕೆಂದು ಪಟ್ಟು ಹಿಡಿದಿದ್ದಾರೆ. ಹಾಗಾದರೆ ಖೀವಾವನ್ನು ಕೈಬಿಡಬಹುದೇ?

ಮೈಸೂರಿನಿಂದ

ಸಮಯ ಕಡಿಮೆಯಿದ್ದರೆ ಕೈಬಿಡಿ. ಖೀವಾ ಬುಖಾರಾದಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಮರಳುಗಾಡು. ಕೋಟೆಯೊಳಗೆ ಇಂದು ನಿಂತಿರುವ ಕಟ್ಟಡಗಳಲ್ಲಿ ಬಹುಪಾಲು 18–19ನೆಯ ಶತಮಾನದವು. ಜುಮ್ಮಾ ಮಸೀದಿಯ ಇನ್ನೂರಕ್ಕೂ ಹೆಚ್ಚು ಮರದ ಕಂಬಗಳಲ್ಲಿ ಕೆಲವು ಮಾತ್ರ ಸಾವಿರ ವರ್ಷದಷ್ಟು ಹಳೆಯವು. ಉಳಿಯುವ ದಿನವನ್ನು ಸಮರ್ಕಂದಿನ ಅಫ್ರಾಸಿಯಾಬ್ ವಸ್ತುಸಂಗ್ರಹಾಲಯಕ್ಕೆ ಕೊಡಿ. 1965ರಲ್ಲಿ ರಸ್ತೆ ಕೆಲಸದ ವೇಳೆ ಸಿಕ್ಕ 7ನೆಯ ಶತಮಾನದ ಭಿತ್ತಿಚಿತ್ರಗಳಲ್ಲಿ ಸೊಗ್ದ್ (ಸಮರ್ಕಂದ್ ಸುತ್ತಲಿನ ನಾಡಿನ ಹಳೆಯ ಹೆಸರು) ದೊರೆ ವರ್ಖುಮಾನನ ಮುಂದೆ ರೇಷ್ಮೆ ಹಿಡಿದು ನಿಂತ ಚೀನೀ ರಾಯಭಾರಿಗಳಿದ್ದಾರೆ. ಮೆಟ್ಟಿಲುಗಳ ತೊಂದರೆಯೂ ಅಲ್ಲಿ ಕಡಿಮೆ. ಹಿಂಬದಿಯಲ್ಲೇ ಚೆಂಗೀಸ್ ಖಾನನ ಸೈನ್ಯ 1220ರಲ್ಲಿ ಹಾಳುಗೆಡವಿದ ಹಳೆಯ ಸಮರ್ಕಂದಿನ ದಿಬ್ಬಗಳಿವೆ. ಚಿತ್ರಗಳನ್ನು ನೋಡಿದ ಮೇಲೆ ದಿಬ್ಬಗಳತ್ತ ಹೋಗಿ. ಯಾವ ಊರಿನ ಮೇಲೆ ನಡೆಯುತ್ತಿದ್ದೇವೆ ಎಂಬುದು ಆಗ ತಿಳಿದಿರುತ್ತದೆ.