ಆ ಕೌನ್ಸೆಲರ್ ಕಾರ್ಡನ್ನ ಒಂದೊಂದೇ ಸಾಲಾಗಿ ಓದೋಣ ಅತ್ತೆ

ಅತ್ತೆ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ವಿಸಿಟಿಂಗ್ ಕಾರ್ಡ್ ಫೋಟೋನ ದೊಡ್ಡದು ಮಾಡ್ಕೊಂಡು ನೋಡ್ದೆ. ಪುಟ್ಟ ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದಾಗಿಂದ ರೂಮ್ ಬಿಟ್ಟು ಬರ್ತಿಲ್ಲ, ತಟ್ಟೇಲಿ ಅರ್ಧ ಮುದ್ದೆ ಹಾಗೇ ಬಿಡ್ತಾನೆ, ಮುಂದೇನು ಓದ್ತೀಯ ಅಂದ್ರೆ ಎದ್ದು ಹೋಗ್ತಾನೆ ಅಂದ್ರಿ. ಮಂಡ್ಯದಲ್ಲೇ ಒಬ್ಬರು 'ಕರಿಯರ್ ಅಂಡ್ ಮೆಂಟಲ್ ಹೆಲ್ತ್ ಕೌನ್ಸೆಲರ್' ಇದ್ದಾರೆ, ಅವರ ಓದು ನಂಬೋ ಹಾಗಿದ್ಯಾ, ಕರ್ಕೊಂಡು ಹೋಗ್ಲಾ ಅಂತ ಕೇಳಿದ್ರಿ. ಉತ್ತರ ಸ್ವಲ್ಪ ಉದ್ದ ಆಗುತ್ತೆ. ಕೆಲಸ ಮುಗಿಸ್ಕೊಂಡು ಕೂತು ಕೇಳಿ, ಮಾವನಿಗೂ ಕೇಳಿಸಿ.

ಮೊದಲು ಆ ಪದದಿಂದಲೇ ಶುರು ಮಾಡ್ತೀನಿ. ನಮ್ಮ ಕಡೆ ಕೌನ್ಸೆಲಿಂಗ್ ಅಂದ್ರೆ ಸಿಇಟಿ ಸೀಟು ಹಂಚೋದು ಅಂತಲೇ ಎಷ್ಟೋ ಜನಕ್ಕೆ ರೂಢಿ. ಆಪ್ಷನ್ ಎಂಟ್ರಿ ಮಾಡಿಕೊಡೋರೂ ಕೌನ್ಸೆಲರ್, ಯಾವ ಕೋರ್ಸ್ ಒಪ್ಪುತ್ತೆ ಅಂತ ಪರೀಕ್ಷೆ ಮಾಡಿ ಹೇಳೋರೂ ಕೌನ್ಸೆಲರ್, ಮನಸ್ಸು ಕುಗ್ಗಿದವರ ಜೊತೆ ಕೂತು ಮಾತಾಡೋರೂ ಕೌನ್ಸೆಲರ್. ಮೂರೂ ಬೇರೆ ಬೇರೆ ಕೆಲಸ, ಮೂರಕ್ಕೂ ಬೇಕಾದ ಓದು ಬೇರೆ. ಆ ಕಾರ್ಡಲ್ಲಿ ಎರಡು ಕೆಲಸ ಒಟ್ಟಿಗೆ ಬರೆದಿದ್ದಾರೆ. ಒಬ್ಬರೇ ಎರಡನ್ನೂ ಮಾಡಬಾರದು ಅಂತಿಲ್ಲ, ಚೆನ್ನಾಗಿ ಮಾಡೋರಿದ್ದಾರೆ. ಆದ್ರೆ ಎರಡಕ್ಕೂ ಓದಿದ್ದಾರಾ, ಒಂದಕ್ಕೆ ಓದಿ ಇನ್ನೊಂದನ್ನ ಜೊತೆಗೆ ಸೇರಿಸ್ಕೊಂಡಿದ್ದಾರಾ ಅನ್ನೋದನ್ನ ನೋಡಬೇಕು. ಕೌನ್ಸೆಲರ್ ಅಂತ ಬೋರ್ಡ್ ಹಾಕೋಕೆ ಡಾಕ್ಟರಿಗೋ ಲಾಯರಿಗೋ ಇರೋ ಹಾಗೆ ಬಿಗಿಯಾದ ಕಟ್ಟುಪಾಡು ಇದುವರೆಗೂ ಇರಲಿಲ್ಲ. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂತು, ಅದರ ಪಟ್ಟಿಯಲ್ಲಿ ಸೈಕಾಲಜಿಸ್ಟ್‌ಗಳು, ಕೌನ್ಸೆಲರ್‌ಗಳು ಸೇರಿದ್ದಾರೆ. ಅದು ಪೂರ್ತಿ ನೆಲೆಗೊಳ್ಳೋವರೆಗೂ ನಾವೇ ಕೇಳಿ ತಿಳ್ಕೋಬೇಕು.

ಈಗ ಕಾರ್ಡಿಗೆ ಬರೋಣ. ಹೆಸರಿನ ಮುಂದೆ 'ಡಾ.' ಅಂತಿದೆ. ಹಿಂದೆ ಎಂಬಿಬಿಎಸ್ ಇಲ್ಲ. ಹಾಗಿದ್ರೆ ಅವರು ಔಷಧಿ ಬರೆಯೋ ಡಾಕ್ಟರ್ ಅಲ್ಲ. ಮನೋವೈದ್ಯರು ಅಂದ್ರೆ ಸೈಕಿಯಾಟ್ರಿಸ್ಟು, ಎಂಬಿಬಿಎಸ್ ಆದ್ಮೇಲೆ 3 ವರ್ಷ ಎಂಡಿ ಅಥವಾ ಡಿಎನ್‌ಬಿ, ಇಲ್ಲಾಂದ್ರೆ 2 ವರ್ಷದ ಡಿಪಿಎಂ ಮಾಡಿರ್ತಾರೆ, ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಇರುತ್ತೆ. ಇವರದ್ದು ಪಿಎಚ್‌ಡಿ ಇರಬಹುದು, ಅದು ಗೌರವದ ಓದೇ. ಆದ್ರೆ ಯಾವ ವಿಷಯದಲ್ಲಿ, ಯಾವ ವಿಶ್ವವಿದ್ಯಾಲಯದಲ್ಲಿ ಅಂತ ಕೇಳಿ. ಕಾಮರ್ಸಲ್ಲಿ ಪಿಎಚ್‌ಡಿ ಮಾಡಿದವರೂ 'ಡಾ.' ಅಂತಲೇ ಬರ್ಕೋತಾರೆ. ದುಡ್ಡು ತಗೊಂಡು ಗೌರವ ಡಾಕ್ಟರೇಟ್ ಹಂಚೋ ಸಂಸ್ಥೆಗಳೂ ಇವೆ. ಹೇಳಿದ ವಿಶ್ವವಿದ್ಯಾಲಯದ ಹೆಸರು ಯಾವತ್ತೂ ಕೇಳಿದ್ದಲ್ಲ ಅನ್ನಿಸಿದ್ರೆ ಯುಜಿಸಿ ವೆಬ್‌ಸೈಟಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಇದೆ, ಮಾವ ಎರಡು ನಿಮಿಷದಲ್ಲಿ ನೋಡ್ತಾರೆ.

ಆಮೇಲೆ 'ಎಂ.ಎಸ್ಸಿ. ಸೈಕಾಲಜಿ'. ಇದು ಒಳ್ಳೇ ಅಡಿಪಾಯ, 2 ವರ್ಷದ್ದು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಗಿದ್ದು, ದೇಶದಲ್ಲೇ ತೀರಾ ಹಳೆಯದರಲ್ಲೊಂದು. ಅದನ್ನ ಕಟ್ಟಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ 'ಆಕಾಶವಾಣಿ' ಶುರು ಮಾಡಿದ್ದು. ಹಾಗಾಗಿ ಈ ಓದು ನಮ್ಮೂರಿಗೆ ಹೊಸದೇನಲ್ಲ. ಆದ್ರೆ ಎಂ.ಎಸ್ಸಿ. ಒಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲ್ಲ. ಪರೀಕ್ಷೆ ಭಯ, ಮನೆಯವರ ಜೊತೆ ಜಗಳ, ಒಂಟಿತನ, ತೀರ್ಮಾನ ತಗೊಳ್ಳೋಕೆ ಆಗ್ದೇ ಇರೋದು, ಇಂಥದ್ದಕ್ಕೆ ಒಳ್ಳೇ ತರಬೇತಿ ಇರೋ ಎಂ.ಎಸ್ಸಿ. ಕೌನ್ಸೆಲರ್ ಸಾಕು. ಕಾಯಿಲೆ ಯಾವುದು ಅಂತ ಗುರುತಿಸಿ ಹೆಸರಿಡೋದು, ಅದಕ್ಕೆ ಚಿಕಿತ್ಸೆ ನಡೆಸೋದು ಬೇರೆ ಮಟ್ಟದ ಕೆಲಸ.

ಆ ಮಟ್ಟದ ಓದು ಈ ಕಾರ್ಡಲ್ಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಆ ವಿಷಯದಲ್ಲಿ 2 ವರ್ಷದ ಎಂ.ಫಿಲ್., ಇಲ್ಲಾಂದ್ರೆ ಸೈ.ಡಿ., ಅಂದ್ರೆ ಡಾಕ್ಟರ್ ಆಫ್ ಸೈಕಾಲಜಿ, ಮಾಡಿರ್ತಾರೆ. ಅದು ಅಂಚೆ ಮೂಲಕ ಮಾಡೋ ಕೋರ್ಸಲ್ಲ, ಪೂರ್ತಿ ದಿನ ಆಸ್ಪತ್ರೆಯಲ್ಲಿ ರೋಗಿಗಳನ್ನ ನೋಡ್ತಾ, ಹಿರಿಯರಿಗೆ ಒಪ್ಪಿಸ್ತಾ ಕಲಿಯೋದು. ಹೀಗೆ ಓದಿದವರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅಂದ್ರೆ ಆರ್‌ಸಿಐ, 1992ರ ಕಾಯ್ದೆ ಪ್ರಕಾರ ನೋಂದಣಿ ಕೊಡುತ್ತೆ. ಅದಕ್ಕೆ ಸಿಆರ್‌ಆರ್ ನಂಬರ್ ಅಂತಾರೆ. ಆ ನಂಬರೋ ಹೆಸರೋ ಹಾಕಿದ್ರೆ ಆರ್‌ಸಿಐ ವೆಬ್‌ಸೈಟಲ್ಲಿ ವಿವರ ಬರುತ್ತೆ. ಇಲ್ಲಿ ತುಂಬಾ ಜನ ಎಡವೋದು ಒಂದೇ ಕಡೆ ಅತ್ತೆ, ನಂಬರ್ ಇದೆ ಅಂದ ತಕ್ಷಣ ಸುಮ್ಮನಾಗಿಬಿಡ್ತಾರೆ. ಆರ್‌ಸಿಐ ನಂಬರ್ ವಿಶೇಷ ಮಕ್ಕಳಿಗೆ ಪಾಠ ಮಾಡೋ ಟೀಚರಿಗೂ ಇರುತ್ತೆ, ಮಾತಿನ ಥೆರಪಿಸ್ಟಿಗೂ ಇರುತ್ತೆ. ನಂಬರ್ ಪಕ್ಕದಲ್ಲಿ ಯಾವ ವರ್ಗ ಅಂತ ಇರುತ್ತಲ್ಲ, ಅಲ್ಲಿ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂತಲೇ ಇರಬೇಕು. ಜೊತೆಗೆ ಅವಧಿ ಎಲ್ಲಿವರೆಗೆ ಇದೆ ನೋಡಿ, ಈ ನೋಂದಣಿನ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಮೂರನೇ ಸಾಲು 'ಡಿಪ್ಲೊಮಾ ಇನ್ ಗೈಡೆನ್ಸ್ ಅಂಡ್ ಕೌನ್ಸೆಲಿಂಗ್'. ಕರಿಯರ್ ಕೆಲಸಕ್ಕೆ ಇದು ನೇರವಾಗಿ ಬೇಕಾದ ಓದು. ಆದ್ರೆ ಈ ಹೆಸರಲ್ಲಿ ವರ್ಷದ ಕೋರ್ಸೂ ಇದೆ, ಎರಡು ಭಾನುವಾರದ ಕೋರ್ಸೂ ಇದೆ. ಅಳತೆಗೋಲು ಬೇಕಂದ್ರೆ ಎನ್‌ಸಿಇಆರ್‌ಟಿಯ ಡಿಪ್ಲೊಮಾ ನೋಡಿ, ಮೈಸೂರಿನ ಮಾನಸಗಂಗೋತ್ರಿ ಹತ್ತಿರದ ನಮ್ಮ ಆರ್‌ಐಇ, ಅಂದ್ರೆ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್, ಅಲ್ಲೂ ನಡೆಸ್ತಾರೆ. ಒಂದು ವರ್ಷದ್ದು, 6 ತಿಂಗಳು ಮನೆಯಲ್ಲಿ ಓದು, 3 ತಿಂಗಳು ಎದುರು ಕೂತು ತರಗತಿ, 3 ತಿಂಗಳು ಶಾಲೆಯಲ್ಲಿ ನಿಜವಾದ ಮಕ್ಕಳ ಜೊತೆ ಕೆಲಸ. ಇವರನ್ನೂ ಅದೇ ಕೇಳಿ: ಎಷ್ಟು ತಿಂಗಳದ್ದು, ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರಿ, ನಿಮ್ಮ ಕೆಲಸ ನೋಡಿ ತಿದ್ದಿದವರು ಯಾರು. ನಿಜವಾಗ್ಲೂ ಮಾಡಿದವರು ತಡವರಿಸದೆ ಹೇಳ್ತಾರೆ, ಸಂತೋಷವಾಗೇ ಹೇಳ್ತಾರೆ.

ಕೊನೇ ಸಾಲಲ್ಲಿ 'ಎನ್‌ಎಲ್‌ಪಿ ಪ್ರಾಕ್ಟೀಷನರ್, ಡಿಎಂಐಟಿ ಅನಲಿಸ್ಟ್' ಅಂತಿದೆ. ಇದೇ ನನಗೆ ಚಿಂತೆ. ಎನ್‌ಎಲ್‌ಪಿ ಅಂದ್ರೆ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಮಾತಿನ ಧಾಟಿಯಿಂದ ಯೋಚನೆ ಬದಲಿಸ್ತೀವಿ ಅನ್ನೋ ವಿಧಾನ. ಡಿಎಂಐಟಿ ಅಂದ್ರೆ ಹತ್ತು ಬೆರಳಿನ ಗುರುತು ತಗೊಂಡು, ಹುಡುಗ ಇಂಜಿನಿಯರಿಂಗಿಗೋ ಕಾಮರ್ಸಿಗೋ ಅಂತ ಪುಸ್ತಕದಷ್ಟು ದಪ್ಪ ರಿಪೋರ್ಟ್ ಕೊಡೋದು. ಬೆರಳಿನ ಗೆರೆ ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿಬಿಡುತ್ತೆ, ಬುದ್ಧಿಗೂ ಅದಕ್ಕೂ ಇವರು ಹೇಳೋ ಥರದ ಸಂಬಂಧ ಯಾರೂ ತೋರಿಸಿಲ್ಲ. ಭಾರತೀಯ ಮನೋವೈದ್ಯರ ಸಂಘವೇ ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಹೇಳಿದೆ. ಅದಕ್ಕೆ ಒಂದು ರೂಪಾಯಿನೂ ಕೊಡಬೇಡಿ. ಅವರು ಅದನ್ನ ಮಾಡಿಸಲೇಬೇಕು ಅಂತ ಹಠ ಹಿಡಿದ್ರೆ ಎದ್ದು ಬನ್ನಿ.

ಸರಿಯಾದ ಕರಿಯರ್ ಪರೀಕ್ಷೆಯಲ್ಲಿ ಕಡಿಮೆ ಅಂದ್ರೂ ಎರಡು ಭಾಗ ಇರುತ್ತೆ. ಒಂದು ಸಾಮರ್ಥ್ಯದ್ದು: ಲೆಕ್ಕ, ಭಾಷೆ, ತರ್ಕ, ಆಕಾರಗಳನ್ನ ಮನಸ್ಸಲ್ಲೇ ತಿರುಗಿಸಿ ನೋಡೋದು, ಇಂಥದ್ದಕ್ಕೆ ಗಡಿಯಾರ ಇಟ್ಟು ಬರೆಸ್ತಾರೆ. ಇನ್ನೊಂದು ಆಸಕ್ತಿಯದ್ದು, ಅದರಲ್ಲಿ ಸರಿ ತಪ್ಪು ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಮಾಡಿದ 6 ಗುಂಪು ತುಂಬಾ ಕಡೆ ಬಳಸ್ತಾರೆ: ಕೈಕೆಲಸ, ಶೋಧನೆ, ಕಲೆ, ಜನಸೇವೆ, ವ್ಯವಹಾರ, ಕಚೇರಿ ಅಚ್ಚುಕಟ್ಟು. ಆಸಕ್ತಿ ಇದ್ದು ಸಾಮರ್ಥ್ಯ ಕಡಿಮೆ ಇರಬಹುದು, ಸಾಮರ್ಥ್ಯ ಇದ್ದು ಇಷ್ಟವೇ ಇಲ್ಲದಿರಬಹುದು. ಎರಡನ್ನೂ ಹೊಂದಿಸಿ ಓದಿ ಹೇಳೋದೇ ಕೌನ್ಸೆಲರ್ ಕೆಲಸ, ಕಂಪ್ಯೂಟರ್ ಪ್ರಿಂಟ್ ತೆಗೆದು ಕೊಡೋದಲ್ಲ. ರಿಪೋರ್ಟಲ್ಲಿ 70 ಪರ್ಸೆಂಟೈಲ್ ಅಂತಿದ್ರೆ ನೂರಕ್ಕೆ ಎಪ್ಪತ್ತು ಮಾರ್ಕ್ಸ್ ಅಂದ್ಕೋಬೇಡಿ, ಅದೇ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 70 ಜನಕ್ಕಿಂತ ಮುಂದಿದ್ದಾನೆ ಅಂತ. ಆ ನೂರು ಮಕ್ಕಳು ಯಾರು ಅನ್ನೋದನ್ನೂ ಕೇಳಿ. ಪುಟ್ಟ ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಬೆಂಗಳೂರಿನ ಇಂಗ್ಲಿಷ್ ಶಾಲೆ ಮಕ್ಕಳಿಗೆ ಮಾಡಿದ ಭಾಷಾ ಪರೀಕ್ಷೆಯಲ್ಲಿ ಅವನಿಗೆ ಕಡಿಮೆ ಬಂದ್ರೆ ಅದು ಬುದ್ಧಿಯ ಅಳತೆಯಲ್ಲ, ಇಂಗ್ಲಿಷಿನ ಅಳತೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ, ದಯವಿಟ್ಟು ಕೇಳಿಸ್ಕೊಳ್ಳಿ. ಪುಟ್ಟನಿಗೆ ಈಗಲೇ ಆ ಕರಿಯರ್ ಪರೀಕ್ಷೆ ಬೇಡ. ಮನಸ್ಸು ಕುಗ್ಗಿರುವಾಗ ಆಸಕ್ತಿ ಪರೀಕ್ಷೆ ಬರೆಸಿದ್ರೆ ಎಲ್ಲಾ ಸಾಲಿಗೂ 'ಇಷ್ಟ ಇಲ್ಲ' ಅಂತ ಗೀಟು ಹಾಕ್ತಾರೆ. ಗಡಿಯಾರದ ಪರೀಕ್ಷೇಲಿ ಗಮನ ನಿಲ್ಲದೆ ಅಂಕ ಬೀಳುತ್ತೆ. ಆ ಸುಳ್ಳು ರಿಪೋರ್ಟ್ ಹಿಡ್ಕೊಂಡು ನಾವು ಕೋರ್ಸ್ ಆರಿಸಿಬಿಡ್ತೀವಿ, ನನ್ನ ಕೈಲಿ ಏನೂ ಆಗಲ್ಲ ಅನ್ನೋದು ಅವನಿಗೂ ಖಾತ್ರಿ ಆಗಿಬಿಡುತ್ತೆ. ಮೊದಲು ನಿದ್ದೆ, ಊಟ, ಮನಸ್ಸು. ಕೋರ್ಸ್ ಆಮೇಲೆ. ಸಿಇಟಿ ತಾರೀಕು ಓಡ್ತಿದೆ ಅಂತ ಮಾವನಿಗೆ ಆತಂಕ ಇರೋದು ಗೊತ್ತು. ಅರ್ಜಿ, ದಾಖಲೆ ಕೆಲಸನ ಮಾವನೇ ನೋಡ್ಕೊಳ್ಳಲಿ, ಅವನ ತಲೆ ಮೇಲೆ ಹಾಕಬೇಡಿ. ಮಾರ್ಕ್ಸ್ ಕಡಿಮೆ ಬಂದ್ರೂ ಮತ್ತೆ ಬರೆಯೋಕೆ ಪರೀಕ್ಷೆ 2 ಇದ್ದೇ ಇದೆ.

ಮನಸ್ಸಿನ ವಿಷಯಕ್ಕೆ ಮೊದಲ ಸಲ ಹೋದಾಗ ಒಳ್ಳೆಯವರು ಏನು ಮಾಡ್ತಾರೆ ಅಂದ್ರೆ, 45 ನಿಮಿಷದಿಂದ ಒಂದು ಗಂಟೆ ಕೂರಿಸ್ಕೋತಾರೆ. ಒಂದಷ್ಟು ಹೊತ್ತು ನಿಮ್ಮ ಜೊತೆ, ಹೆಚ್ಚು ಹೊತ್ತು ಅವನೊಬ್ಬನ ಜೊತೆಯೇ. ನಿದ್ದೆ, ಹಸಿವು, ತೂಕ, ಫೋನು, ಗೆಳೆಯರು, ಮನೆಯಲ್ಲಿ ಯಾರಿಗಾದ್ರೂ ಹಿಂದೆ ಹೀಗಾಗಿತ್ತಾ ಅಂತೆಲ್ಲ ಕೇಳ್ತಾರೆ. ಪಿಎಚ್‌ಕ್ಯೂ-9 ಅಂತ 9 ಪ್ರಶ್ನೆಯ ಹಾಳೆ ಕೊಡಬಹುದು. ಹಿಂದಿನ 2 ವಾರದ ಬಗ್ಗೆ, ಒಂದೊಂದಕ್ಕೂ 0ಯಿಂದ 3, ಒಟ್ಟು 27. ಒಂಬತ್ತನೇ ಪ್ರಶ್ನೆ ಸಾಯಬೇಕು ಅನ್ನಿಸುತ್ತಾ, ನೋವು ಮಾಡ್ಕೋಬೇಕು ಅನ್ನಿಸುತ್ತಾ ಅನ್ನೋದು. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದ್ರೆ ಸರಿಯಾಗಿ ಪರೀಕ್ಷಿಸಬೇಕು ಅಂತ ಅರ್ಥ, ಕಾಯಿಲೆ ಇದೆ ಅಂತ ತೀರ್ಪಲ್ಲ. ಒಂಬತ್ತನೆಯದಕ್ಕೆ 1 ಬಂದ್ರೂ, ಒಟ್ಟು ಎಷ್ಟೇ ಇರಲಿ, ಅವತ್ತೇ ಅದರ ಬಗ್ಗೆ ಬಿಡಿಸಿ ಮಾತಾಡಬೇಕು. ಆ ಪ್ರಶ್ನೆ ಕೇಳೋಕೆ ಹಿಂಜರಿಯೋ ಕೌನ್ಸೆಲರ್ ಹತ್ರ ಮಗುನ ಬಿಡೋದು ಬೇಡ.

ಅವನು ಹೇಳಿದ್ದೆಲ್ಲ ನಿಮಗೆ ಹೇಳಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ. 18 ತುಂಬಿಲ್ಲ ಅಂತ ನಿಮ್ಮ ಒಪ್ಪಿಗೆ ತಗೋತಾರೆ, ಒಟ್ಟಾರೆ ಹೇಗಿದ್ದಾನೆ ಅಂತ ತಿಳಿಸ್ತಾರೆ. ಜೀವಕ್ಕೆ ಅಪಾಯ ಕಂಡ್ರೆ ತಿಳಿಸಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಉಳಿದಿದ್ದು ಅವರಿಬ್ಬರ ನಡುವೆ. ಈ ನಿಯಮನ ಮೊದಲ ದಿನವೇ ಅವನ ಮುಂದೆಯೇ ಹೇಳೋರು ಕೆಲಸ ಬಲ್ಲವರು.

ಇನ್ನು ಫೋನಲ್ಲಿ ಕೇಳಬೇಕಾದ್ದು. ಔಷಧಿ ಬೇಕಾಗಬಹುದು ಅನ್ನಿಸಿದ್ರೆ ಯಾವ ಮನೋವೈದ್ಯರ ಹತ್ರ ಕಳಿಸ್ತೀರ ಅಂತ ಕೇಳಿ. ಹೆಸರು ಹೇಳಿದ್ರೆ ನೆಮ್ಮದಿ. ನಮ್ಮಲ್ಲೇ ಎಲ್ಲ ವಾಸಿ ಆಗುತ್ತೆ, ಮಾತ್ರೆ ತಗೊಂಡ್ರೆ ಚಟ ಆಗುತ್ತೆ ಅಂದ್ರೆ ಬೇಡ. ಯಾವುದಾದ್ರೂ ಕಾಲೇಜಿಂದ ನಿಮಗೆ ಕಮಿಷನ್ ಇದ್ಯಾ ಅಂತ ಮಾವ ನೇರವಾಗೇ ಕೇಳಲಿ, ಸಂಕೋಚ ಬೇಡ. ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿಕೊಡೋರು ಸಲಹೆ ಕೊಡೋಕೆ ಕೂತ್ರೆ ಎಲ್ಲಾ ಮಕ್ಕಳಿಗೂ ಅದೇ ಎರಡು ಕಾಲೇಜು ಒಪ್ಪುತ್ತೆ. 10 ಸಿಟ್ಟಿಂಗ್ ದುಡ್ಡು ಮುಂಗಡ ಕೊಡಬೇಡಿ, ಒಂದೊಂದಕ್ಕೇ ಕೊಡಿ, ರಸೀದಿ ತಗೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ರೆ, ಎರಡು ವಾರ ದಾಟಿದೆ, ಊಟ ಬಿಡ್ತಿದ್ದಾನೆ, ಹಾಗಾಗಿ ಮೊದಲು ಮಂಡ್ಯ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಮೈಸೂರಿಗೇ ಬರೋದಾದ್ರೆ ಕೆ.ಆರ್. ಆಸ್ಪತ್ರೆಯಲ್ಲೂ ಇದೆ. ಥೈರಾಯ್ಡ್, ರಕ್ತ ಕಡಿಮೆ ಇದ್ರೂ ಮನುಷ್ಯ ಹೀಗೇ ಮಂಕಾಗ್ತಾನೆ, ಬೇಕು ಅನ್ನಿಸಿದ್ರೆ ಡಾಕ್ಟರ್ ಆ ಪರೀಕ್ಷೆನೂ ಬರೆದುಕೊಡ್ತಾರೆ. ಅವರು ಮಾತುಕತೆ ಸಾಕು ಅಂದ್ರೆ ಆಗ ಈ ಕಾರ್ಡಿನವರನ್ನೋ ಬೇರೆಯವರನ್ನೋ ನೋಡೋಣ.

ಇವತ್ತು ರಾತ್ರಿಗೆ ಎರಡು ಕೆಲಸ. ಗದ್ದೆಗೆ ಹೊಡೆಯೋ ಔಷಧಿ ಡಬ್ಬ ಹಿತ್ತಲ ಕೊಟ್ಟಿಗೇಲಿದ್ರೆ ತೆಗೆದು ಬೀಗದೊಳಗಿಡಿ, ಕೀ ಮಾವನ ಹತ್ರ ಇರಲಿ. ಎರಡನೇದು, ಅವನ ಪಕ್ಕ ಕೂತು, ಕೋರ್ಸ್ ಮಾತೆತ್ತದೆ, ಬದುಕೋದೇ ಬೇಡ ಅನ್ನಿಸ್ತಿದ್ಯಾ ಪುಟ್ಟ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗಲ್ಲ, ಹೇಳ್ಕೊಳ್ಳೋಕೆ ದಾರಿ ಆಗುತ್ತೆ. ಹೂಂ ಅಂದ್ರೆ ಬೈಬೇಡಿ, ಅಳಬೇಡಿ, ಒಬ್ಬನನ್ನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟೆಲಿ-ಮಾನಸ್ 14416ಕ್ಕೂ ಫೋನ್ ಮಾಡಬಹುದು, ಸರ್ಕಾರದ್ದು, ದುಡ್ಡಿಲ್ಲ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅವನೇ ಮಾಡಬೇಕು ಅಂತಿಲ್ಲ, ನೀವೂ ಮಾಡಿ ಏನು ಮಾಡ್ಲಿ ಅಂತ ಕೇಳಬಹುದು.

ಕಾರ್ಡಿನ ಹಿಂಭಾಗದ ಫೋಟೋನೂ ಕಳಿಸಿ ಅತ್ತೆ, ನಂಬರ್ ಏನಾದ್ರೂ ಇದ್ರೆ ಹುಡುಕಿ ಹೇಳ್ತೀನಿ. ಪುಟ್ಟನ ವಿಷಯ ಇನ್ಮೇಲೆ ಗ್ರೂಪಲ್ಲಿ ಬೇಡ, ನನಗೆ ಮಾತ್ರ ಹಾಕಿ. ಅವನೂ ಈ ಗ್ರೂಪಲ್ಲಿದ್ದಾನೆ.